ತಗಡಿನ ಡಬ್ಬವೋ, ಹೇರಿನ ಚೀಲವೋ: ಸ್ಪಿತಿಗೆ ಒಂದು, ಝನ್‌ಸ್ಕಾರ್‌ಗೆ ಇನ್ನೊಂದು

ನಮ್ಮ ಮನೆಯ ಅಟ್ಟದ ಮೇಲೆ ಎರಡು ಅಲ್ಯೂಮಿನಿಯಂ ಡಬ್ಬಗಳಿವೆ. ಒಂದರಲ್ಲಿ ದಸರಾ ಗೊಂಬೆಗಳು ಹಳೇ ಪಂಚೆ ಸುತ್ತಿಕೊಂಡು ಮಲಗಿವೆ. ಇನ್ನೊಂದರಲ್ಲಿ ದೀಪಾವಳಿಯ ಸೀರಿಯಲ್ ಸೆಟ್ಟು, ಅದಕ್ಕೆ ಮುಚ್ಚಳವಿಲ್ಲ. ಎರಡನ್ನೂ 2022ರಲ್ಲಿ, ಬೈಕಿನ ಎರಡು ಪಕ್ಕೆಗೆ ಸಾಮಾನು ಹೇರಲೆಂದು, ಗಾಡಿಗೆ ಕೂರಿಸುವ ಕಬ್ಬಿಣದ ಚೌಕಟ್ಟು, ಅಂದರೆ ಸ್ಟೇ, ಸೇರಿ, 31 ಸಾವಿರ ರೂಪಾಯಿ ಕೊಟ್ಟು ಕೊಂಡಿದ್ದೆ. ಗೊಂಬೆಗಳಿಗೆ ಇಷ್ಟು ದುಬಾರಿ ಪೆಟ್ಟಿಗೆ ನಮ್ಮ ಬೀದಿಯಲ್ಲಿ ಇನ್ಯಾರ ಮನೆಯಲ್ಲೂ ಇರಲಾರದು.

ದೂರದ ಬೈಕ್ ಸವಾರಿಗೆ ಸಾಮಾನು ಹೇರಲು ತಗಡಿನ ಡಬ್ಬ ಒಳ್ಳೆಯದೋ, ಬಟ್ಟೆಯ ಚೀಲವೋ? ಗುಟ್ಟೇನಿಲ್ಲ, ನನ್ನ ಓಟು ಚೀಲಕ್ಕೆ. ಯಾಕೆ ಅನ್ನುವುದಕ್ಕೆ ಎರಡು ಹಿಮಾಲಯದ ಸವಾರಿ, ನಾಲ್ಕಾರು ಮಲೆನಾಡಿನ ಸವಾರಿ, ಒಂದು ಊದಿದ ಕಾಲು ಸಾಕ್ಷಿ. ಹಿಮಾಲಯಕ್ಕೆ ಹೋದ ಗಾಡಿ ಎರಡು ಸಲವೂ ಅದೇ, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕು. ಎಷ್ಟು ಲೀಟರು ಹಿಡಿಯುತ್ತದೆ, ತಗಡು ಎಷ್ಟು ದಪ್ಪ, ಬಟ್ಟೆಯ ನೂಲು ಎಷ್ಟು ಡೀನಿಯರು ದಪ್ಪ ಎಂಬುದನ್ನೆಲ್ಲ ಮಾರುವವರೇ ಬರೆದಿರುತ್ತಾರೆ, ಅದನ್ನು ನಾನು ಮುಟ್ಟುವುದಿಲ್ಲ.

ಡಬ್ಬ ಕೊಂಡದ್ದು ಮುಖ್ಯವಾಗಿ ಚೆಂದಕ್ಕೆ. ಲಡಾಖಿಗೆ ಹೋದವರ ಫೋಟೋಗಳಲ್ಲೆಲ್ಲ ಅದೇ ಇತ್ತು. ಬೀಗ ಹಾಕಬಹುದು, ಮಳೆ ನುಗ್ಗುವುದಿಲ್ಲ, ಇಳಿಸಿದರೆ ಕೂರಲು ಸ್ಟೂಲು ಆಗುತ್ತದೆ ಎಂದೆಲ್ಲ ಮನೆಯಲ್ಲಿ ವಾದ ಮಾಡಿದ್ದೆ. ನಮ್ಮ ಭಾವ ನೋಡಿದವನೇ, "ಏನಯ್ಯಾ, ಹೊಸಕೋಟೆಯಿಂದ ಹಾಲು ಹಾಕೋಕೆ ಶುರು ಮಾಡಿದ್ಯಾ?" ಅಂದ. ಆಗ ಸಿಟ್ಟು ಬಂತು. ಆಮೇಲೆ ಯೋಚಿಸಿದರೆ, ಹಾಲಿನವರ ಕ್ಯಾನು ನನ್ನ ಡಬ್ಬಕ್ಕಿಂತ ಬುದ್ಧಿವಂತಿಕೆಯ ಕೆಲಸ. ಕೊಕ್ಕೆಗೆ ನೇತುಹಾಕಿರುತ್ತಾರೆ, ಬಿದ್ದರೆ ಕಳಚಿಕೊಳ್ಳುತ್ತದೆ.

ಬೆಂಗಳೂರಿನಲ್ಲೇ ಮೊದಲ ಸೂಚನೆ ಸಿಕ್ಕಿತ್ತು. ಡಬ್ಬ ಕೂರಿಸಿದ ಮೇಲೆ ಗಾಡಿಯ ಹಿಂಭಾಗ ಹ್ಯಾಂಡಲ್‌ಗಿಂತ ಅಗಲವಾಯಿತು. ಹ್ಯಾಂಡಲ್ ತೂರಿದ ಸಂದಿಯಲ್ಲಿ ಹಿಂದಿನದ್ದೂ ತೂರುತ್ತದೆ ಎಂಬ ಇಪ್ಪತ್ತು ವರ್ಷದ ಅಭ್ಯಾಸ ಕೈಕೊಟ್ಟಿತು. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಒಂದು ಆಟೋದ ಪಕ್ಕೆಗೆ ಉಜ್ಜಿದೆ. ಆಟೋದವರು ಬೈಯಲಿಲ್ಲ, ಡಬ್ಬಗಳನ್ನು ಮೇಲಿಂದ ಕೆಳಗೆ ನೋಡಿ, "ಏನ್ ಸಾರ್, ಮನೆ ಶಿಫ್ಟಾ?" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಸಕಲೇಶಪುರ, ಬಿಸಿಲೆ ಘಾಟಿಯ ಕಡೆ ಎರಡು ದಿನ ಸುತ್ತಿ ಬಂದಾಗ ಏನೂ ತೊಂದರೆ ಕಾಣಲಿಲ್ಲ. ಡಾಂಬರಿನ ಮೇಲೆ ಡಬ್ಬ ಸಾಧು ಪ್ರಾಣಿ. ಅದೇ ಧೈರ್ಯದಲ್ಲಿ ಗಾಡಿಯ ಪೆಟ್ರೋಲು ಬಸಿದು, ಗೋಣಿತಾಟು ಸುತ್ತಿಸಿ, ಯಶವಂತಪುರದಿಂದ ಚಂಡೀಗಢಕ್ಕೆ ರೈಲಿನಲ್ಲಿ ಹಾಕಿದೆ. ಡಬ್ಬಗಳನ್ನು ಬಿಚ್ಚಿ ಬೇರೆ ಪಾರ್ಸೆಲ್ ಮಾಡಬೇಕಾಯಿತು, ಬೇರೆ ದುಡ್ಡು. ಶಿಮ್ಲಾ, ನಾರ್ಕಂಡಾ, ರೆಕಾಂಗ್ ಪಿಯೋ, ನಾಕೋ ದಾಟಿ ಹಿಮಾಚಲದ ಸ್ಪಿತಿ ಕಣಿವೆಗೆ ಹೋಗಿ, ಕಾಜಾದಿಂದ ಕುಂಜುಮ್ ಕಣಿವೆಮಾರ್ಗ ಹತ್ತಿ ಮನಾಲಿಗೆ ಇಳಿಯುವುದು ಯೋಜನೆ.

ಈಗ ಮಸಿಯ ಕಥೆ.

ಸ್ಪಿತಿಯ ತಾಬೋದಲ್ಲಿ ಉಳಿದುಕೊಂಡ ಮರುದಿನ ಬೆಳಗ್ಗೆ ಸ್ನಾನ ಮಾಡಿ ಅಲ್ಲಿಯ ಗೊಂಪಾ, ಅಂದರೆ ಬೌದ್ಧ ಮಠ, ನೋಡಲು ಹೊರಟೆ. ಕ್ರಿ.ಶ. 996ರಲ್ಲಿ ಕಟ್ಟಿದ್ದು, ಮಣ್ಣಿನ ಗೋಡೆ, ಒಳಗೆಲ್ಲ ಚಿತ್ರ. ದೇವರ ಜಾಗ ಅಂತ ಬೆಂಗಳೂರಿನಿಂದ ಒಂದು ಬಿಳಿ ಅಂಗಿ ತಂದಿದ್ದೆ. ಎಡಗಡೆಯ ಡಬ್ಬ ತೆಗೆದರೆ ಅಂಗಿಯ ಒಂದು ಮಗ್ಗುಲು ಅಡುಗೆಮನೆಯ ಹಳೇ ಸೌದೆ ಒಲೆಗೆ ಒರೆಸಿದ ಹಾಗಿತ್ತು. ಟವೆಲು, ಬನಿಯನ್ನು, ಉಣ್ಣೆ ಟೋಪಿ, ಡಬ್ಬದ ಗೋಡೆಗೆ ತಾಗಿದ್ದೆಲ್ಲ ಕಪ್ಪು. ಮೊದಲು ಎಂಜಿನ್ ಆಯಿಲ್ ಸೋರಿದೆ ಅಂದುಕೊಂಡೆ. ಮೂಸಿದರೆ ವಾಸನೆಯಿಲ್ಲ. ಬೆರಳಿಗೆ ಹತ್ತಿದ್ದು ಸೀಸದ ಕಡ್ಡಿಯ ಪುಡಿಯ ಹಾಗೆ ನುಣುಪು.

ಅದು ಡಬ್ಬವೇ. ಬಣ್ಣ ಹಚ್ಚದ ಬರಿ ಅಲ್ಯೂಮಿನಿಯಂ. ಕಲ್ಲುದಾರಿಯಲ್ಲಿ ದಿನವಿಡೀ ಗಾಡಿ ನಡುಗುವಾಗ ಒಳಗಿನ ಸಾಮಾನು ತಗಡನ್ನು ಉಜ್ಜುತ್ತಲೇ ಇರುತ್ತದೆ. ಸವೆದ ಲೋಹದ ಪುಡಿ ಗಾಳಿ ತಾಗಿ ಕಪ್ಪಾಗುತ್ತದೆ. ಅಜ್ಜಿ ಜರ್ಮನ್ ಪಾತ್ರೆ ತಿಕ್ಕುವಾಗ ಕೈಗೆ ಹತ್ತುತ್ತಿದ್ದ ಅದೇ ಮಸಿ. ಬಟ್ಟೆಗೆ ಹತ್ತಿದರೆ ಸೋಪಿಗೆ ಬಗ್ಗುವುದಿಲ್ಲ. ಹೋಮ್‌ಸ್ಟೇಯ ಅಮ್ಮ ನನ್ನ ಬಿಳಿ ಅಂಗಿಯನ್ನು ಎರಡು ಸಲ ತಿಕ್ಕಿ, ಮೂರನೇ ಸಲ ನನ್ನ ಮುಖ ನೋಡಿ ಹಾಗೇ ವಾಪಸು ಕೊಟ್ಟರು.

ಬಟ್ಟೆಯಾದರೆ ಹೋಗಲಿ. ಬಲಗಡೆಯ ಡಬ್ಬದಲ್ಲಿ ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿಯಿತ್ತು, ಅರ್ಧ ಕೆಜಿ, ಎರಡು ಪದರದ ಪ್ಲಾಸ್ಟಿಕ್ ಕವರಿನಲ್ಲಿ. ಡಬ್ಬದ ಮೂಲೆಯಲ್ಲಿ ರಿವೆಟ್ಟಿನ ತಲೆಯೊಂದು ಚಾಚಿಕೊಂಡಿತ್ತು. ಅದು ಪಿಯೋದಿಂದ ತಾಬೋದವರೆಗೆ ತಾಳ್ಮೆಯಿಂದ ಉಜ್ಜಿ ಉಜ್ಜಿ ಕವರಿಗೆ ತೂತು ಹಾಕಿದೆ. ಚಟ್ನಿಪುಡಿ ಹೊರಗೆ, ಮಸಿ ಕವರಿನೊಳಗೆ. ಪಂಕ್ಚರ್ ಕಿಟ್ಟು, ಸ್ಪ್ಯಾನರುಗಳು, ಚಾರ್ಜರಿನ ವೈರು, ಎಲ್ಲವಕ್ಕೂ ಕರಿಬೇವು, ಹುಣಸೆ, ಇಂಗಿನ ಘಮ. ಹದಿನಾಲ್ಕು ದಿನ ಬೆಳಗ್ಗೆ ಆಲೂ ಪರಾಠಾ ತಿನ್ನುವವನಿಗೆ ಆ ಪುಡಿಯ ಬೆಲೆ ಗೊತ್ತಿರುತ್ತದೆ. ಚಮಚದಲ್ಲಿ ಬೂದು ಬಣ್ಣದ ಭಾಗ ಬಿಟ್ಟು ಕೆಂಪು ಭಾಗ ಕೆರೆದುಕೊಂಡೆ. ಮನೆಗೆ ಬಂದು ಹೇಳಲಿಲ್ಲ.

ಮಾರಿದವರಿಗೆ ಫೋನ್ ಮಾಡಿದಾಗ ಬಂದ ಉತ್ತರ: "ಒಳಗೆ ಬಟ್ಟೆಯ ಚೀಲ ಹಾಕ್ಕೋಬೇಕು ಸಾರ್, ಎಲ್ಲರೂ ಹಾಗೇ ಮಾಡೋದು." ಆ ಚೀಲವನ್ನೂ ಅವರೇ ಮಾರುತ್ತಾರೆ, ಜೋಡಿಗೆ ಮೂರು ಸಾವಿರ. ಚೀಲ ಹೇಗೂ ಬೇಕೇ ಬೇಕು ಅಂತಾದ ಮೇಲೆ ಡಬ್ಬ ಯಾಕೆ ಬೇಕು? ಈ ಪ್ರಶ್ನೆ ಕಾಜಾಕ್ಕೆ ಹೋಗುವವರೆಗೂ ಹೆಲ್ಮೆಟ್ಟಿನೊಳಗೆ ಗುಂಯ್‌ಗುಡುತ್ತಿತ್ತು. ಅಲ್ಲಿ ಒಂದು ಹಳೇ ಕಂಬಳಿ ಕೊಂಡು ಕತ್ತರಿಸಿ ಒಳಗೆ ಹಾಸಿದೆ. ಮಸಿ ನಿಂತಿತು, ಜಾಗ ಕಾಲುಭಾಗ ಹೋಯಿತು.

ಡಬ್ಬದ ಎರಡನೇ ತಪ್ಪು ಒಂದೇ ಕ್ಷಣದ್ದು. ಕುಂಜುಮ್ 4,551 ಮೀಟರ್. ಅಲ್ಲಿಂದ ಇಳಿದರೆ ಬಾತಲ್. ಬಾತಲ್‌ನಿಂದ ಛತ್ರು ಕಡೆಗೆ ರಸ್ತೆ ಅನ್ನುವುದು ಹೆಸರಿಗೆ, ನದಿಯ ಗುಂಡುಕಲ್ಲುಗಳ ಮೇಲೆ ಸವಾರಿ. ಹಿಮ ಕರಗಿ ಬರುವ ತೊರೆಗಳು ರಸ್ತೆಯ ಮೇಲೇ ಹರಿಯುತ್ತವೆ. ಬೆಳಗ್ಗೆ ಪಾದ ಮುಳುಗುವಷ್ಟಿರುವ ನೀರು ಬಿಸಿಲೇರಿದ ಮೇಲೆ ಮೊಣಕಾಲಿಗೆ ಬರುತ್ತದೆ. ಬಾತಲ್‌ನ ಢಾಬಾದಲ್ಲಿ ರಾಜ್ಮಾ ಅನ್ನಕ್ಕೆ ಕೂತು ನಾನು ಹೊರಟಿದ್ದು ಮಧ್ಯಾಹ್ನ ಎರಡಕ್ಕೆ. ತೊರೆಯೊಂದರ ನಡುವೆ ಮುಂದಿನ ಚಕ್ರ ಕಲ್ಲಿಗೆ ತಾಗಿ ತಿರುಗಿತು, ಎಡಗಾಲು ಊರಿದೆ. ಗಾಡಿ ಇನ್ನೂ ಮುಂದಕ್ಕೆ ಚಲಿಸುತ್ತಲೇ ಇತ್ತು. ಹಿಂದಿನಿಂದ ಬಂದ ಡಬ್ಬ ಮೀನಖಂಡಕ್ಕೆ ಗುದ್ದಿ, ಕಾಲನ್ನು ಕಲ್ಲಿಗೆ ಒತ್ತಿ ಹಿಡಿದುಕೊಂಡು, ಆಮೇಲೆ ಮೇಲೆ ಬಿತ್ತು.

ಮೂಳೆ ಮುರಿಯಲಿಲ್ಲ. ಬೂಟು ಗಟ್ಟಿಯಿತ್ತು, ಹಿಂದೆ ಬರುತ್ತಿದ್ದ ಲಾರಿಯ ಇಬ್ಬರು ಗಾಡಿ ಎತ್ತಿದರು. ಆ ಎತ್ತರದಲ್ಲಿ ಒಬ್ಬನೇ ಎತ್ತುವ ಮಾತೇ ಇಲ್ಲ. ಗಾಡಿಯದೇ 199 ಕೆಜಿ, ಖಾಲಿ ಡಬ್ಬ, ಸ್ಟೇ ಸೇರಿ 16 ಕೆಜಿ, ಅದರೊಳಗಿನ ಸಾಮಾನು ಬೇರೆ. ಬರಿ ಹೊದಿಕೆಯ ತೂಕವೇ ಇಷ್ಟು ಅಂತ ನನಗೆ ಹೊಳೆದದ್ದು ಆ ತಣ್ಣೀರಿನಲ್ಲಿ ನಿಂತಾಗ. ಸ್ಟೇ ಎರಡು ಬೆರಳು ಒಳಕ್ಕೆ ಬಾಗಿತ್ತು, ಡಬ್ಬದ ಮೂಲೆ ಜಜ್ಜಿ ಮುಚ್ಚಳ ಕೂರುತ್ತಿರಲಿಲ್ಲ. ಒಮ್ಮೆ ಬಿಚ್ಚಿದ ಡಬ್ಬ ಮತ್ತೆ ಸ್ಟೇಗೆ ಸಿಕ್ಕಿಕೊಳ್ಳಲೇ ಇಲ್ಲ. ಲಾರಿಯವರು ಕೊಟ್ಟ ಹಳೇ ಟ್ಯೂಬಿನ ಪಟ್ಟಿಯಲ್ಲಿ ಬಿಗಿದು, ಗ್ರಾಂಫೂ ದಾಟಿ, ಅಟಲ್ ಸುರಂಗದಲ್ಲಿ ಒಂಬತ್ತು ಕಿಲೋಮೀಟರು ಕಟಕಟ ಶಬ್ದ ಮಾಡಿಕೊಂಡು ಮನಾಲಿಗೆ ಇಳಿದೆ.

ಚೀಲ ಕೊಂಡದ್ದು ಅದರ ಮುಂದಿನ ವರ್ಷ. ಸೀಟಿನ ಮೇಲಿಂದ ಎರಡೂ ಕಡೆ ಇಳಿಬೀಳುವ ಸ್ಯಾಡಲ್ ಬ್ಯಾಗು, ಒಳಗೆ ನೀರು ಹೋಗದ ಬೇರೆ ಚೀಲ. 9,800 ರೂಪಾಯಿ, ನಾಲ್ಕು ಕೆಜಿ. ನಮ್ಮ ಘಟ್ಟಗಳಲ್ಲಿ ರಸ್ತೆ ಆಗುವ ಮುಂಚೆ ಉಪ್ಪು, ಅಡಿಕೆ, ಮೆಣಸು ಎಲ್ಲ ಹತ್ತಿಳಿದದ್ದು ಹೇರೆತ್ತಿನ ಬೆನ್ನಿನ ಮೇಲೆ, ಎರಡು ಪಕ್ಕೆಗೆ ಎರಡು ಗೋಣಿ. ಕಡಿದಾದ ದಾರಿಯಲ್ಲಿ ಎತ್ತು ಮುಗ್ಗರಿಸಿದರೆ ಗೋಣಿ ಬಾಗುತ್ತದೆ, ಎತ್ತಿನ ಪಕ್ಕೆಲುಬು ಉಳಿಯುತ್ತದೆ. ಮರದ ಪೆಟ್ಟಿಗೆ ಮಾಡಲು ಅವರಿಗೆ ಬಾರದೇ ಇತ್ತೇ? ಈ ಮಾತು ಹೊಳೆದಾಗ 31 ಸಾವಿರದ ನೆನಪಾಗಿ ಹೊಟ್ಟೆ ಉರಿಯಿತು.

2024ರಲ್ಲಿ ಅದನ್ನು ಹಾಕಿಕೊಂಡು ದಾರ್ಚಾದಿಂದ ಶಿಂಕು ಲಾ ಕಣಿವೆಮಾರ್ಗ ದಾಟಿ ಲಡಾಖಿನ ಝನ್‌ಸ್ಕಾರ್‌ಗೆ, ಪದುಮ್‌ವರೆಗೆ ಹೋದೆ. ಶಿಂಕು ಲಾ 5,091 ಮೀಟರ್. ಅದರ ಕೆಳಗೆ 4.1 ಕಿಲೋಮೀಟರಿನ ಸುರಂಗದ ಕೆಲಸ ಆ ಜುಲೈನಲ್ಲೇ ಶುರುವಾಗಿತ್ತು, ಮುಗಿದ ಮೇಲೆ ಈ ಹತ್ತುವ ಕಷ್ಟ ಇರುವುದಿಲ್ಲ. ಮೂರು ಸಲ ಬಿದ್ದೆ. ಎರಡು ಸಲ ಕೆಸರಿನಲ್ಲಿ, ಒಂದು ಸಲ ನಿಂತಲ್ಲೇ, ಫೋಟೋ ತೆಗೆಯಲು ಹೋಗಿ. ಸೈಡ್ ಸ್ಟ್ಯಾಂಡ್ ಮರಳಿನಲ್ಲಿ ಹೂತುಹೋಯಿತು. ಮೂರು ಸಲವೂ ಚೀಲ ದಿಂಬಿನ ಹಾಗೆ ಅಡಿಗೆ ಕೂತಿತು. ಒಮ್ಮೆ ಕಾಲು ಅದರಡಿಗೆ ಸಿಕ್ಕಿತು, ಎಳೆದುಕೊಂಡೆ, ಬಂತು. ಅಷ್ಟೇ. ಇದಕ್ಕಿಂತ ಹೇಳಲು ಏನೂ ಇಲ್ಲದಿರುವುದೇ ಚೀಲದ ಗುಣ.

ಒಂದು ಪಟ್ಟಿಯ ಹೊಲಿಗೆ ಪದುಮ್ ತಲುಪುವ ಮುಂಚೆ ಬಿಚ್ಚಿತು. ದಬ್ಬಣ, ಮೇಣ ಸವರಿದ ದಾರ ಜೊತೆಗಿತ್ತು, ಚಹಾ ಆರುವುದರೊಳಗೆ ಹೊಲಿದೆ. ಬಾಗಿದ ಸ್ಟೇಯನ್ನು ಹೀಗೆ ಕೈಯಲ್ಲಿ ನೆಟ್ಟಗೆ ಮಾಡಲು ಆಗುತ್ತದೆಯೇ?

ಬೀಗವಿಲ್ಲ, ನಿಜ. ಊಟಕ್ಕೆ ಕೂತಾಗ ಗಾಡಿ ಕಣ್ಣಿಗೆ ಬೀಳುವ ಕಡೆ ಕೂರುತ್ತೇನೆ. ಸಂಜೆ ಒಂದು ಸಾಕ್ಸ್ ಬೇಕೆಂದರೂ ಬಕಲ್ ಬಿಚ್ಚಿ, ಸುರುಳಿ ಬಿಚ್ಚಿ, ಒಳಚೀಲ ಬಿಚ್ಚಿ, ತಳದವರೆಗೆ ಕೈ ಹಾಕಬೇಕು. ಸಾಕ್ಸ್ ಯಾವಾಗಲೂ ತಳದಲ್ಲೇ ಇರುತ್ತದೆ. ಹೊರಗಿನ ಕೆಸರು ಹೋಟೆಲಿನ ಹಾಸಿಗೆಗೂ ಬರುತ್ತದೆ.

ಮೂರನೆಯ ದಾರಿಯೊಂದಿದೆ: ನೀರು ಒಳಹೋಗದ ಒಂದು 40 ಲೀಟರಿನ ಡ್ರೈಬ್ಯಾಗು, ಹಿಂದಿನ ಸೀಟಿಗೆ ಅಡ್ಡಲಾಗಿ ಬಿಗಿದು ಹೊರಡುವುದು. ಎರಡು ಸಾವಿರದೊಳಗೆ ಮುಗಿಯುತ್ತದೆ. ಮುಳ್ಳಯ್ಯನಗಿರಿ, ದೇವರಮನೆ ಕಡೆಯ ವಾರಾಂತ್ಯಕ್ಕೆ ನಾನು ಈಗಲೂ ಒಯ್ಯುವುದು ಅದನ್ನೇ. ಕೊಕ್ಕೆಯ ಬಂಗೀ ಹಗ್ಗ ಮಾತ್ರ ಬೇಡ, ಕೈತಪ್ಪಿದರೆ ಕಣ್ಣಿಗೇ ಬರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಹಳೇ ಟ್ಯೂಬು ಕತ್ತರಿಸಿಕೊಡುತ್ತಾರೆ, ಹಿಡಿತ ಅದರದ್ದೇ ಚೆನ್ನ. ಎರಡು ವಾರದ ಸಾಮಾನಿಗೆ ಇದು ಸಾಲದು, ಭಾರವೆಲ್ಲ ಮೇಲೆ ಕೂತು ಗಾಡಿ ತೂಗಾಡುತ್ತದೆ.

ನನ್ನ ವಯಸ್ಸು 44, ಎತ್ತರ ಐದಡಿ ಐದಿಂಚು, ಗಾಡಿ ನಿಲ್ಲಿಸಿದರೆ ಪೂರ್ತಿ ಪಾದ ಊರುವುದಿಲ್ಲ. ಹಾಗಾಗಿ ಪ್ರತಿ ಸವಾರಿಯಲ್ಲೂ ಎರಡು ಮೂರು ಸಲ ಬೀಳುವುದು ನನ್ನ ಲೆಕ್ಕದಲ್ಲೇ ಇದೆ. ಪೀಣ್ಯದ ಕೆಲಸದಲ್ಲಿ ಒಟ್ಟಿಗೆ ಸಿಗುವ ರಜೆ ಹದಿನೈದು ದಿನ, ಗಾಡಿ ರೈಲಿನಲ್ಲೇ ಹೋಗಬೇಕು. ಚೀಲವಾದರೆ ಮಡಚಿ ಬರ್ತಿನ ಕೆಳಗೆ ತೂರಿಸುತ್ತೇನೆ. ದೊಡ್ಡ ಕ್ಯಾಮೆರಾ ಇರುವವರು, ಡಾಂಬರು ಬಿಟ್ಟು ಇಳಿಯದವರು, ಹೆಂಡತಿಯನ್ನು ಕೂರಿಸಿಕೊಂಡು ಮಡಿಕೇರಿಗೋ ಗೋಕರ್ಣಕ್ಕೋ ಹೋಗುವವರು ಡಬ್ಬವನ್ನೇ ತಗೊಳ್ಳಿ, ಒಳಗೆ ಹಾಸಲು ಕಂಬಳಿ ಮರೆಯಬೇಡಿ. ಕಲ್ಲು, ನೀರು, ಎತ್ತರ ಮೂರೂ ಇರುವ ಕಡೆ ಹೊರಟವರಿಗೆ ನಾನು ಡಬ್ಬ ಕೊಡಿಸುವುದಿಲ್ಲ, ಯಾರಾದರೂ ಬಿಟ್ಟಿ ಕೊಟ್ಟರೂ.

ಚೀಲ ಕೊಳ್ಳುವವರು ಒಂದನ್ನು ಮಾತ್ರ ನೋಡಿಕೊಳ್ಳಬೇಕು, ಬಲಗಡೆಯ ಸೈಲೆನ್ಸರ್. ನನ್ನ ಗಾಡಿಯದ್ದು ಮೇಲಕ್ಕೆ ಎದ್ದುಕೊಂಡಿದೆ. ಮೊದಲ ಸಲ ಚಾರ್ಮಾಡಿ ಘಾಟಿ ಇಳಿಯುವಾಗ ಪಟ್ಟಿ ಸಡಿಲಾಗಿ ಚೀಲದ ಮೂಲೆ ಅದಕ್ಕೆ ತಾಗಿತು; ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದ ಖುಷಿಯಲ್ಲಿದ್ದ ನನಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದಾಗ ಹತ್ತು ರೂಪಾಯಿ ನಾಣ್ಯದಷ್ಟು ತೂತಾಗಿತ್ತು. ನಡುವೆ ಶಾಖ ತಡೆಯುವ ಒಂದು ತಗಡು ಬೇಕು. ಅಂಗಡಿಯಲ್ಲಿ ಕೇಳಿದರೆ 1,400 ಅಂದರು. ನಮ್ಮ ಫ್ಯಾಕ್ಟರಿಯ ಪಕ್ಕದ ಶೀಟ್ ಮೆಟಲ್ ವರ್ಕ್‌ಶಾಪಿಗೆ ಆ ಜಜ್ಜಿದ ಡಬ್ಬದ ಮುಚ್ಚಳ ತಗೊಂಡು ಹೋದೆ. ಕತ್ತರಿಸಿ, ಬಗ್ಗಿಸಿ, ನಾಲ್ಕು ತೂತು ಹೊಡೆದು, ಬೋಲ್ಟು ಸೇರಿ 200 ರೂಪಾಯಿ ತಗೊಂಡರು. ಝನ್‌ಸ್ಕಾರ್‌ವರೆಗೆ ಹೋಗಿ ಬಂದಿದೆ, ಒಂದು ಬೋಲ್ಟೂ ಸಡಿಲಾಗಿಲ್ಲ.