ನೋಟೋ ಸಾನ್ಸ್ ಕನ್ನಡ ಫಾಂಟ್: ಹಕ್ಕಿಗಳ ಸೈಟಿನಲ್ಲಿ ನಾಲ್ಕು ವರ್ಷ ಬಳಸಿದ ಮೇಲೆ

ಶಿವಮೊಗ್ಗದ ಸುತ್ತಮುತ್ತ ಕಾಣುವ ಹಕ್ಕಿಗಳ ಬಗ್ಗೆ ನನ್ನದೊಂದು ಪುಟ್ಟ ವೆಬ್‌ಸೈಟ್ ಇದೆ. ದುಡ್ಡಿಗಲ್ಲ, ಹವ್ಯಾಸಕ್ಕೆ. ಸುಮಾರು 140 ಹಕ್ಕಿಗಳು, ಒಂದೊಂದಕ್ಕೂ ಒಂದು ಪುಟ, ಎಲ್ಲವೂ ಕನ್ನಡದಲ್ಲಿ. ಈ ಸೈಟಿಗೆ 2021ರ ಕೊನೆಯಿಂದ ನೋಟೋ ಸಾನ್ಸ್ ಕನ್ನಡ ಫಾಂಟ್ ಬಳಸುತ್ತಿದ್ದೇನೆ. ಒಂದು ತಿಂಗಳು ಬಳಸಿ ಬರೆದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ವರ್ಷಗಟ್ಟಲೆ ಬಳಸಿ, ಎಡವಿ, ಸರಿ ಮಾಡಿಕೊಂಡವರು ಬರೆದದ್ದು ನನಗೆ ಕನ್ನಡದಲ್ಲಿ ಸಿಗಲಿಲ್ಲ. ಅದಕ್ಕೇ ಇದು.

ನನ್ನ ಅಂಕ 5ಕ್ಕೆ 4.5. ಆದರೆ ಫಾಂಟ್ ಹಾಕಿದ ಮಾತ್ರಕ್ಕೆ ಸೈಟ್ ಮೊಬೈಲಿನಲ್ಲಿ ಓದುವಂತಾಗಲಿಲ್ಲ. ಅದರ ಸುತ್ತ ನಾನು ಮಾಡಿದ ಕೆಲಸವೇ ಜಾಸ್ತಿ, ಅದನ್ನೂ ಹೇಳುತ್ತೇನೆ.

ಶುರುವಾದದ್ದು ಮಂಡಗದ್ದೆಯಲ್ಲಿ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ, ತುಂಗಾ ನದಿಯ ನಡುಗಡ್ಡೆಯ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುತ್ತವೆ. ಮಳೆ ಬಿಟ್ಟು ಚುರ್ರೆನ್ನುವ ಬಿಸಿಲು ಬಿದ್ದಿತ್ತು. ಅಲ್ಲಿ ನಿಂತಿದ್ದ ಹಿರಿಯರೊಬ್ಬರು ನನ್ನದೇ ಸೈಟ್ ತೆರೆದು, ಫೋನನ್ನು ಅಂಗೈಯಿಂದ ಮರೆ ಮಾಡಿಕೊಂಡು, ಎರಡು ಬೆರಳಿನಲ್ಲಿ ಹಿಗ್ಗಿಸಿ, ಎಡಕ್ಕೆ ಬಲಕ್ಕೆ ಎಳೆದು ಓದುತ್ತಿದ್ದರು. ಒಂದು ಸಾಲು ಓದಲು ಮೂರು ಸಲ ಎಳೆಯಬೇಕು. ಸೈಟ್ ಮಾಡಿದವನು ನಾನೇ ಎಂದು ಹೇಳಿದೆ. ಅವರು ಬೈಯಲಿಲ್ಲ. "ಮಾಹಿತಿ ಚೆನ್ನಾಗಿದೆ ಮಾರಾಯ್ರೇ, ಆದ್ರೆ ಅಕ್ಷರ ಸಾಸಿವೆ ಕಾಳಿನಷ್ಟಿದೆ" ಎಂದರು. ಆ ರಾತ್ರಿಯೇ ಕೂತೆ.

ಮೊದಲ ತಪ್ಪು ತೀರಾ ಮೂಲದ್ದು. ನನ್ನ ಪುಟಗಳಲ್ಲಿ ವ್ಯೂಪೋರ್ಟ್, ಅಂದರೆ ಪುಟವನ್ನು ಎಷ್ಟು ಅಗಲಕ್ಕೆ ಹರಡಬೇಕು ಎಂದು ಹೇಳುವ ಸಾಲೇ ಇರಲಿಲ್ಲ. ಆ ಸಾಲು ಇಲ್ಲದಿದ್ದರೆ ಮೊಬೈಲ್ ಬ್ರೌಸರ್ ನಮ್ಮ ಪುಟವನ್ನು ಕಂಪ್ಯೂಟರ್ ಪುಟ ಅಂದುಕೊಂಡು, ಸಾಮಾನ್ಯವಾಗಿ 980 ಪಿಕ್ಸೆಲ್ ಅಗಲಕ್ಕೆ ಹರಡಿ, ಆಮೇಲೆ ಅದನ್ನು ಕುಗ್ಗಿಸಿ ಪರದೆಗೆ ಕೂರಿಸುತ್ತದೆ. ಸಾಸಿವೆ ಕಾಳು ಬಂದದ್ದು ಅಲ್ಲಿಂದ. "ಪುಟದ ಅಗಲ ಫೋನಿನ ಅಗಲದಷ್ಟೇ ಇರಲಿ" ಎನ್ನುವ ಒಂದು ಮೆಟಾ ಟ್ಯಾಗ್ ಹಾಕಿದ ಕೂಡಲೇ ಅಕ್ಷರ ದೊಡ್ಡದಾಯಿತು. ಆದರೆ ಆಗಲೇ ಉಳಿದ ಹುಳುಕೆಲ್ಲ ಹೊರಬಿತ್ತು. ಹೆಸರಿನ ಪಟ್ಟಿ ಪರದೆಯ ಆಚೆ ಹೋಯಿತು. ಶೀರ್ಷಿಕೆಗಳು ಒಂದರ ಮೇಲೊಂದು ಹತ್ತಿ ಕೂತವು.

ಫಾಂಟ್ ಬದಲಿಸುವ ಯೋಚನೆ ಬಂದದ್ದು ಆಗ. ಬೇರೆಯವನ್ನೂ ನೋಡಿದೆ. ಬಾಲೂ ತಮ್ಮ ದಪ್ಪಗೆ, ಮುದ್ದಾಗಿದೆ. ಶೀರ್ಷಿಕೆಗೆ ಸೊಗಸು, ಉದ್ದದ ಬರಹಕ್ಕೆ ನನಗೆ ಭಾರ ಅನಿಸಿತು. ತಿರೋ ಕನ್ನಡದಲ್ಲಿ ಪುಸ್ತಕ ಓದಿದ ಹಿತ ಇದೆ. ನನ್ನ ಹಳೆಯ ಫೋನಿನ ಪರದೆಯಲ್ಲಿ ಅದರ ತೆಳು ಗೆರೆಗಳು ಬಿಸಿಲಿಗೆ ಕರಗಿಹೋಗುತ್ತಿದ್ದವು. ನೋಟೋ ಸಾನ್ಸ್ ನೋಡಲು ಸಾದಾ. ಆದರೆ ಗೆರೆ ಒಂದೇ ಸಮ, ಅಕ್ಷರದೊಳಗಿನ ಜಾಗ ತೆರೆದಿದೆ, ಮ ಮತ್ತು ಯ, ಪ ಮತ್ತು ಷ ಚಿಕ್ಕ ಗಾತ್ರದಲ್ಲೂ ಕಲೆಸಿಕೊಳ್ಳುವುದಿಲ್ಲ. ಉಚಿತ, ಮುಕ್ತ ಪರವಾನಗಿ ಇದೆ, ನಮ್ಮ ಸರ್ವರಿನಲ್ಲೇ ಇಟ್ಟುಕೊಳ್ಳಬಹುದು. ಅಕ್ಷರ ಸಿಗದಾಗ ಕಾಣುವ ಖಾಲಿ ಡಬ್ಬಿಗಳಿಗೆ ಇಂಗ್ಲಿಷಿನಲ್ಲಿ ತೋಫು ಅನ್ನುತ್ತಾರೆ, ಆ ತೋಫು ಇರಬಾರದು ಎಂಬುದರಿಂದಲೇ ನೋಟೋ ಎಂಬ ಹೆಸರು. ನಾಲ್ಕು ವರ್ಷದಲ್ಲಿ ನನ್ನ ಸೈಟಿನಲ್ಲಿ ಒಂದು ಡಬ್ಬಿಯೂ ಕಂಡಿಲ್ಲ.

ಇನ್ನು ಒತ್ತಕ್ಷರದ ಕಥೆ. ಇದೇ ಮುಖ್ಯ.

ನಾನು ಬಳಸುತ್ತಿದ್ದ ಉಚಿತ ಥೀಮ್, ಅಂದರೆ ಸೈಟಿನ ಸಿದ್ಧ ವಿನ್ಯಾಸ, ಇಂಗ್ಲಿಷಿಗಾಗಿ ಮಾಡಿದ್ದು. ಅದರಲ್ಲಿ ಶೀರ್ಷಿಕೆಯ ಸಾಲಿನ ಎತ್ತರ ಅಕ್ಷರದ ಗಾತ್ರದ 1.2 ಪಟ್ಟು, ಮೇಲಾಗಿ ಶೀರ್ಷಿಕೆಯ ಡಬ್ಬಿಯಿಂದ ಹೊರಚಾಚಿದ್ದನ್ನು ಕತ್ತರಿಸುವ ಆಜ್ಞೆ ಬೇರೆ. ಇಂಗ್ಲಿಷ್ ಅಕ್ಷರಕ್ಕೆ ಕೆಳಗೆ ಒಂದಿಷ್ಟು ಬಾಲ ಇದ್ದರೆ ಮುಗಿಯಿತು. ನಮ್ಮದು ಹಾಗಲ್ಲ ಅಲ್ವಾ? ಮೇಲೆ ಗುಡಿಸು ಇದೆ, ಕೆಳಗೆ ಒತ್ತು ಇದೆ, "ರಾಷ್ಟ್ರೀಯ" ಅಂತ ಬರೆದರೆ ಒತ್ತಿಗೂ ಒತ್ತು. ಮೊಬೈಲಿನಲ್ಲಿ ಶೀರ್ಷಿಕೆಯ ಕೆಳಭಾಗ ಕತ್ತರಿಸಿ "ಹಕ್ಕಿ" ಹೋಗಿ "ಹಕಿ" ಆಗಿತ್ತು. "ಬೆಳ್ಳಕ್ಕಿ" ಎಂಬುದು "ಬೆಳಕಿ". ಕಂಪ್ಯೂಟರಿನಲ್ಲಿ ಶೀರ್ಷಿಕೆಗೆ ಜಾಗ ಜಾಸ್ತಿ ಇದ್ದುದರಿಂದ ನನಗೆ ಎಂದೂ ಗೊತ್ತಾಗಿರಲಿಲ್ಲ.

ಈಗ ಓದುವ ಬರಹಕ್ಕೆ ಸಾಲಿನ ಎತ್ತರ 1.75, ಶೀರ್ಷಿಕೆಗೆ 1.5, ಕತ್ತರಿಸುವ ಆಜ್ಞೆ ತೆಗೆದೇಬಿಟ್ಟೆ. 1.6, 1.7 ಎಲ್ಲ ಇಟ್ಟು ನೋಡಿದ್ದೇನೆ. 1.6ರಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ ಎಂದಲ್ಲ, ಆದರೆ ಕಣ್ಣು ಸಾಲು ತಪ್ಪುತ್ತದೆ. 2ಕ್ಕೆ ಹೋದರೆ ಸಾಲುಗಳು ದಿಕ್ಕಿಗೊಂದಾಗಿ, ಎಷ್ಟು ಸ್ಕ್ರೋಲ್ ಮಾಡಿದರೂ ಮುಗಿಯುವುದಿಲ್ಲ. ಅಕ್ಷರದ ಗಾತ್ರ 18 ಪಿಕ್ಸೆಲ್‌ಗೆ ಸಮ, ಆದರೆ ಬರೆದಿರುವುದು ರೆಮ್ ಲೆಕ್ಕದಲ್ಲಿ, ಅಂದರೆ ಬ್ರೌಸರಿನ ಮೂಲ ಅಕ್ಷರದ ಗಾತ್ರಕ್ಕೆ ಇಷ್ಟು ಪಟ್ಟು ಎಂದು. ಬ್ರೌಸರಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡವರಿಗೆ ಅದಕ್ಕೆ ತಕ್ಕಂತೆ ಬೆಳೆಯುತ್ತದೆ. ನನ್ನ ಅಪ್ಪ ಹಾಗೇ ಮಾಡಿಕೊಂಡಿದ್ದಾರೆ. ಅವರ ಫೋನಿನಲ್ಲಿ ನೋಡಿದಾಗ ಇನ್ನೊಂದು ಎಡವಟ್ಟು ಸಿಕ್ಕಿತು: ನಾನು ಕೆಲವು ಪೆಟ್ಟಿಗೆಗಳಿಗೆ ಇಷ್ಟೇ ಎತ್ತರ ಎಂದು ಪಿಕ್ಸೆಲಿನಲ್ಲಿ ಬಿಗಿದಿದ್ದೆ, ಅಕ್ಷರ ದೊಡ್ಡದಾದಾಗ ಅದು ಪೆಟ್ಟಿಗೆಯಿಂದ ಹೊರಗೆ ಸುರಿದು ಕೆಳಗಿನ ಫೋಟೋ ಮೇಲೆ ಬಿದ್ದಿತ್ತು. ಎತ್ತರ ಬಿಗಿಯುವುದನ್ನೇ ಬಿಟ್ಟೆ.

ಅದೇ ಥೀಮ್ ಶೀರ್ಷಿಕೆಯ ಅಕ್ಷರಗಳ ನಡುವೆ ಅಂದಕ್ಕೆಂದು ಒಂದಿಷ್ಟು ಅಂತರ ಕೊಟ್ಟಿತ್ತು. ಇಂಗ್ಲಿಷಿಗೆ ಚೆನ್ನಾಗಿರಬಹುದು. ಕನ್ನಡದಲ್ಲಿ ಒತ್ತು ತನ್ನ ಅಕ್ಷರದಿಂದ ಬೇರೆ ನಿಂತಂತೆ ಕಾಣುತ್ತಿತ್ತು. ಸೊನ್ನೆ ಮಾಡಿ, ಮುಗಿಯಿತು. ಸಾಲನ್ನು ಎರಡೂ ಬದಿ ಸಮ ಮಾಡುವ ಚಟವೂ ನನಗಿತ್ತು, ಪತ್ರಿಕೆಯಂತೆ ಕಾಣಲಿ ಅಂತ. 360 ಪಿಕ್ಸೆಲ್ ಅಗಲದ ಪರದೆಯಲ್ಲಿ ಒಂದು ಸಾಲಿಗೆ ನಾಲ್ಕೈದು ಪದ ಹಿಡಿದರೆ ಹೆಚ್ಚು. "ಕಾಣಿಸಿಕೊಳ್ಳುತ್ತಿರುವುದರಿಂದ" ಎಂಬ ಒಂದೇ ಪದ ಮುಕ್ಕಾಲು ಸಾಲು ತಿನ್ನುತ್ತದೆ. ಸಮ ಮಾಡಿದರೆ ಉಳಿದ ಸಾಲಿನಲ್ಲಿ ಎರಡು ಪದಗಳ ನಡುವೆ ಗದ್ದೆಯಷ್ಟು ಜಾಗ. ಎಡಕ್ಕೆ ಮಾತ್ರ ಸಮ ಇರಲಿ, ದಯವಿಟ್ಟು.

ಫಾಂಟಿನ ಕೊರತೆ ಅಂದರೆ ನನಗೆ ತಟ್ಟಿದ್ದು ಒಂದೇ. ಇದರಲ್ಲಿ ಓರೆ ಅಕ್ಷರ, ಅಂದರೆ ಇಟಾಲಿಕ್, ಇಲ್ಲ. ಇಲ್ಲದಿದ್ದಾಗ ಬ್ರೌಸರ್ ನೆಟ್ಟಗಿರುವ ಅಕ್ಷರವನ್ನೇ ಸುಮ್ನೆ ವಾಲಿಸುತ್ತದೆ. ದುಂಡಗಿನ ಕನ್ನಡ ಅಕ್ಷರ ವಾಲಿದರೆ ಚೆನ್ನಾಗಿ ಕಾಣುವುದಿಲ್ಲ, ಒತ್ತುಗಳೂ ಓರೆಯಾಗಿ ಬೇರೆ ಅಕ್ಷರದ ಕೆಳಗೆ ನುಸುಳಿದಂತಿರುತ್ತವೆ. ಆದರೆ ಹಕ್ಕಿಗಳ ವೈಜ್ಞಾನಿಕ ಹೆಸರನ್ನು ಓರೆಯಾಗಿಯೇ ಬರೆಯುವುದು ಪದ್ಧತಿ. ನೀಲಕಂಠದ ಪುಟದಲ್ಲಿ "ಕೊರಾಸಿಯಾಸ್ ಬೆಂಗಾಲೆನ್ಸಿಸ್" ಎಂದು ರೋಮನ್ ಲಿಪಿಯಲ್ಲಿ ಇರುವ ಹೆಸರಿಗೆ ಮಾತ್ರ ಓರೆ ಇಟ್ಟೆ, ಅದಕ್ಕೆ ಫೋನಿನಲ್ಲೇ ಇರುವ ಇಂಗ್ಲಿಷ್ ಫಾಂಟ್. ಕನ್ನಡದಲ್ಲಿ ಒತ್ತಿ ಹೇಳಬೇಕಾದಲ್ಲಿ ದಪ್ಪ ಅಕ್ಷರ. ಅರ್ಧ ಅಂಕ ಕಡಿಮೆ ಕೊಟ್ಟದ್ದು ಇದಕ್ಕೇ.

ಎರಡನೇ ವರ್ಷ ನಾನೇ ಮಾಡಿಕೊಂಡ ಅನಾಹುತ ಹೇಳಲೇಬೇಕು. ಈ ಫಾಂಟ್ ತೀರಾ ತೆಳುವಿನಿಂದ ತೀರಾ ದಪ್ಪದವರೆಗೆ 9 ದಪ್ಪಗಳಲ್ಲಿ ಸಿಗುತ್ತದೆ. ಖುಷಿಯಲ್ಲಿ ಐದನ್ನು ಹಾಕಿದ್ದೆ. ಮಂಡಗದ್ದೆಯಲ್ಲಿ ನೆಟ್‌ವರ್ಕ್ ಒಂದು ಕಡ್ಡಿ ಇದ್ದಾಗ ಪುಟ ತೆರೆಯಲು ಯುಗ ಹಿಡಿಯಿತು. ಸರಿ, ಫೈಲ್ ಸಣ್ಣದು ಮಾಡೋಣ ಎಂದು ಯಾವುದೋ ಆನ್‌ಲೈನ್ ಉಪಕರಣಕ್ಕೆ ಹಾಕಿ, ಕನ್ನಡ ಅಕ್ಷರಗಳನ್ನು ಮಾತ್ರ ಉಳಿಸು ಎಂದೆ. ಫೈಲ್ ಅಂಗೈಯಗಲ ಆಯಿತು. ಸೈಟಿನ ತುಂಬ "ಹಕ್‌ಕಿ", "ಬೆಳ್‌ಳಕ್‌ಕಿ"! ಒಂದೂ ಒತ್ತಕ್ಷರ ಇಲ್ಲ.

ಕಾರಣ ಆಮೇಲೆ ತಿಳಿಯಿತು. ಕಂಪ್ಯೂಟರಿನಲ್ಲಿ ಒಂದೊಂದು ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಒತ್ತಕ್ಷರಕ್ಕೆ ಬೇರೆ ಸಂಖ್ಯೆಯೇ ಇಲ್ಲ. ಕ, ಅದನ್ನು "ಕ್" ಮಾಡುವ ಹಲಂತ ಚಿಹ್ನೆ, ಮತ್ತೆ ಕ ಎಂದು ಸಾಲಾಗಿ ಇರುತ್ತದೆ. ಅದನ್ನು "ಕ್ಕ" ಎಂದು ಜೋಡಿಸಿ ತೋರಿಸುವ ನಿಯಮಗಳು ಫಾಂಟಿನೊಳಗೆ ಒಂದು ಕೋಷ್ಟಕದಲ್ಲಿವೆ. ಆ ಉಪಕರಣ ಅಕ್ಷರ ಉಳಿಸಿ, ನಿಯಮವನ್ನೇ ಕಿತ್ತು ಎಸೆದಿತ್ತು. ಮೂಲ ಫಾಂಟನ್ನೇ ವಾಪಸ್ ಹಾಕಿ, ಸಾದಾ ಮತ್ತು ದಪ್ಪ ಎರಡೇ ಇಟ್ಟುಕೊಂಡು, ವೆಬ್‌ಗಾಗಿಯೇ ಇರುವ ವಾಫ್2 ರೂಪಕ್ಕೆ ಬದಲಿಸಿದೆ. ನಿಮ್ಮ ಫಾಂಟನ್ನು ಯಾರಾದರೂ ಸಣ್ಣದು ಮಾಡಿಕೊಟ್ಟರೆ ಮೊದಲು "ಸ್ತ್ರೀ", "ರಾಷ್ಟ್ರ", "ಸೂರ್ಯ" ಈ ಮೂರು ಪದ ಬರೆದು ನೋಡಿ. ಮೂರೂ ಸರಿ ಬಂದರೆ ಮುಂದಿನ ಮಾತು.

ಫಾಂಟ್ ಬರುವವರೆಗೆ ಏನು ತೋರಿಸಬೇಕು ಎಂಬುದರಲ್ಲೂ ಸ್ವಲ್ಪ ಒದ್ದಾಡಿದೆ. ಮೊದಲು ಫೋನಿನ ಫಾಂಟ್ ತೋರಿಸಿ, ನೋಟೋ ಬಂದ ಮೇಲೆ ಬದಲಿಸು ಎಂದು ಹಾಕಿದ್ದೆ. ನೆಟ್ ನಿಧಾನ ಇದ್ದಾಗ ಮೂರನೇ ಸಾಲು ಓದುತ್ತಿರುವಾಗ ಇಡೀ ಪುಟ ಧಡಕ್ಕೆಂದು ಜಿಗಿಯುತ್ತದೆ, ಓದುತ್ತಿದ್ದ ಸಾಲು ಎಲ್ಲಿ ಹೋಯಿತೋ ಹುಡುಕಬೇಕು. ಈಗ "ಆಪ್ಷನಲ್" ಎಂಬ ಆಯ್ಕೆ ಹಾಕಿದ್ದೇನೆ. ಫಾಂಟ್ ಥಟ್ಟನೆ ಬಂದರೆ ಸರಿ, ಇಲ್ಲದಿದ್ದರೆ ಫೋನಿನ ಫಾಂಟಿನಲ್ಲೇ ಓದಿ, ಜಿಗಿತ ಬೇಡ.

ಇಷ್ಟೆಲ್ಲ ಆದ ಮೇಲೆ ತಿಳಿದ ಸಂಗತಿ: ಆಂಡ್ರಾಯ್ಡ್ ವ್ಯವಸ್ಥೆಯ ಜೊತೆಗೇ ನೋಟೋ ಸಾನ್ಸ್ ಕನ್ನಡ ಬರುತ್ತದೆ. ಕೆಲವು ಕಂಪನಿಗಳ ಫೋನಿನಲ್ಲಿ ಅವರದೇ ಬೇರೆ ಫಾಂಟ್ ಇರಬಹುದು, ಅದೂ ಓದಲು ಬರುತ್ತದೆ. ವಿಂಡೋಸ್‌ನಲ್ಲಿ ತುಂಗಾ ಎಂಬ ಹಳೆಯ ಫಾಂಟ್, ನಿರ್ಮಲಾ ಯುಐ ಎಂಬ ಹೊಸದು ಇವೆ. ಐಫೋನಿನಲ್ಲೂ ಕನ್ನಡ ಫಾಂಟ್ ಇದ್ದೇ ಇದೆ. ಅಂದರೆ ನನ್ನ ಓದುಗರ ಫೋನಿನಲ್ಲೇ ಇದ್ದ ಫಾಂಟನ್ನು ಅವರ ಡೇಟಾ ಖರ್ಚು ಮಾಡಿಸಿ ಮತ್ತೆ ಕಳಿಸುತ್ತಿದ್ದೆ. ಈಗ ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ "ಫೋನಿನಲ್ಲಿದ್ದರೆ ಅದನ್ನೇ ಬಳಸು, ಇಲ್ಲದಿದ್ದರೆ ಮಾತ್ರ ತಾ" ಎಂದು ಬರೆದಿದ್ದೇನೆ. ಎಲ್ಲ ಬ್ರೌಸರೂ ಒಂದೇ ರೀತಿ ಕೇಳುವುದಿಲ್ಲ, ಕೇಳದಿದ್ದರೂ ನಷ್ಟ ಇಲ್ಲ.

ಫಾಂಟಿಗೆ ಸಂಬಂಧ ಇಲ್ಲದ್ದು, ಆದರೆ ಓದುವಿಕೆಗೆ ಅಷ್ಟೇ ಬೇಕಾದದ್ದು ಇನ್ನೂ ಕೆಲವು. ಬಣ್ಣ: ಬಿಳಿ ಮೇಲೆ ತಿಳಿ ಬೂದು ಅಕ್ಷರ ಮನೆಯೊಳಗೆ ಸೊಗಸು, ಬಿಸಿಲಿನಲ್ಲಿ ಖಾಲಿ ಹಾಳೆ. ವೆಬ್ ಸುಗಮತೆಯ ಮಾನದಂಡದಲ್ಲಿ ಸಾಮಾನ್ಯ ಗಾತ್ರದ ಬರಹಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಹೊಳಪಿನ ವ್ಯತ್ಯಾಸ ಇರಬೇಕು ಎಂದಿದೆ. ನಾನು ಅದಕ್ಕೂ ಮುಂದೆ ಹೋಗಿ ಹತ್ತಿರಹತ್ತಿರ ಕಪ್ಪನ್ನೇ ಇಟ್ಟಿದ್ದೇನೆ. ಆರು ಕಾಲಮ್ಮಿನ ಪಟ್ಟಿ ತೆಗೆದು ಒಂದೊಂದು ಹಕ್ಕಿಗೂ ಒಂದು ಕಾರ್ಡ್ ಮಾಡಿದೆ: ಫೋಟೋ, ದೊಡ್ಡದಾಗಿ ಕನ್ನಡ ಹೆಸರು, ಕೆಳಗೆ ಕಾಣುವ ತಿಂಗಳು. ಕ್ಯಾಮೆರಾದಿಂದ ಬಂದ 5 ಎಂಬಿ ಫೋಟೋಗಳನ್ನು 800 ಪಿಕ್ಸೆಲ್ ಅಗಲದ ವೆಬ್‌ಪಿ ಎಂಬ ಹಗುರ ರೂಪಕ್ಕೆ ಬದಲಿಸಿದೆ. ಲಿಂಕುಗಳು ಬೆರಳಿಗೆ ಸಿಗಬೇಕು. 44 ಪಿಕ್ಸೆಲ್ ಉದ್ದಗಲ ಇಟ್ಟ ಮೇಲೆ "ಮಿಂಚುಳ್ಳಿ ಒತ್ತಿದರೆ ಮರಕುಟಿಗ ಬರುತ್ತೆ" ಎಂಬ ದೂರು ನಿಂತಿತು. ಹುಡುಕುವ ಪೆಟ್ಟಿಗೆಯ ಅಕ್ಷರ 16 ಪಿಕ್ಸೆಲಿಗಿಂತ ಕಡಿಮೆ ಇದ್ದರೆ ಐಫೋನಿನಲ್ಲಿ ಅದನ್ನು ಮುಟ್ಟಿದಾಗ ಪುಟ ತಾನಾಗಿ ಹಿಗ್ಗುತ್ತದೆ, ಅದನ್ನೂ ಸರಿ ಮಾಡಿದೆ. ಬೆರಳಿನಿಂದ ಹಿಗ್ಗಿಸುವುದನ್ನು ಮಾತ್ರ ಎಂದೂ ತಡೆಯಬೇಡಿ. ಹಕ್ಕಿಯ ಕಣ್ಣಿನ ಸುತ್ತ ಉಂಗುರ ಇದೆಯೋ ಇಲ್ಲವೋ ನೋಡುವವರಿಗೆ ಅದು ಬೇಕೇ ಬೇಕು.

ಪರೀಕ್ಷೆಗೆ ಗೂಗಲ್‌ನ ಮೊಬೈಲ್ ಫ್ರೆಂಡ್ಲಿ ಟೆಸ್ಟ್ ಬಳಸುತ್ತಿದ್ದೆ, ಅದನ್ನು 2023ರ ಡಿಸೆಂಬರಿನಲ್ಲಿ ನಿಲ್ಲಿಸಿದರು. ಈಗ ಕ್ರೋಮ್‌ನೊಳಗಿನ ಲೈಟ್‌ಹೌಸ್ ಎಂಬ ಪರೀಕ್ಷಾ ಉಪಕರಣ, ಮತ್ತೆ ಕಂಪ್ಯೂಟರ್ ಬ್ರೌಸರನ್ನೇ 320 ಪಿಕ್ಸೆಲಿಗೆ ಕಿರಿದು ಮಾಡಿ ನೋಡುವುದು. ಆ ಅಗಲದಲ್ಲಿ ಪಕ್ಕಕ್ಕೆ ಎಳೆಯದೆ ಓದಲು ಬಂದರೆ ಹೆಚ್ಚುಕಮ್ಮಿ ಎಲ್ಲ ಫೋನಿನಲ್ಲೂ ಬರುತ್ತದೆ. ಆದರೆ "ಹಕಿ" ಆಗಿದ್ದ "ಹಕ್ಕಿ"ಯನ್ನು ಯಾವ ಉಪಕರಣವೂ ನನಗೆ ತೋರಿಸಲಿಲ್ಲ. ಅದನ್ನು ತೋರಿಸಿದ್ದು ಅಮ್ಮನ ಹಳೆಯ ಫೋನ್. ಅದನ್ನು ಮಾರದೆ ಇದಕ್ಕೇ ಇಟ್ಟುಕೊಂಡಿದ್ದೇನೆ. ಹೊಸ ಪುಟ ಹಾಕಿದಾಗಲೆಲ್ಲ ಮಧ್ಯಾಹ್ನ ಅದನ್ನು ಹಿಡಿದು ಅಂಗಳಕ್ಕೆ ಹೋಗಿ ನಿಂತು ಓದುತ್ತೇನೆ.

ಇನ್ನು ಉಳಿದಿರುವುದು ಹಳೆಯ 30 ಪುಟಗಳು. ಯೂನಿಕೋಡ್ ಗೊತ್ತಿಲ್ಲದ ಕಾಲದಲ್ಲಿ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದವು. ಅವಕ್ಕೆ ನೋಟೋ ಹಾಕಿದರೆ ಬರೀ ಇಂಗ್ಲಿಷ್ ಗೀಚು ಕಾಣುತ್ತದೆ, ಏಕೆಂದರೆ ಅಲ್ಲಿ ಇರುವುದು ಕನ್ನಡ ಅಕ್ಷರವೇ ಅಲ್ಲ. ಪರಿವರ್ತಕಕ್ಕೆ ಹಾಕಿ, ಅರ್ಕಾವತ್ತು ತಪ್ಪಿದೆಯಾ ಎಂದು ಒಂದೊಂದೇ ಸಾಲು ನೋಡಿ ಸರಿ ಮಾಡುತ್ತಿದ್ದೇನೆ. ಕಳೆದ ವಾರ ಕೆಂಬೂತ ಮುಗಿಯಿತು. ಈ ಭಾನುವಾರ ಗೊರವಂಕ.