ರೇಸ್‌ನಲ್ಲಿ ಹಿಡಿದ ಬ್ರೇಕ್ ಇಳಿಜಾರಿನಲ್ಲಿ ಹಿಡಿಯಲಿಲ್ಲ: ಹಳೇ ಕಾರಿನಲ್ಲಿ ಮಕ್ಕಳನ್ನು ಕೂರಿಸುವ ಮುಂಚೆ ಓದಿ

ಹಳೇ ಕಾರಿನ ರೇಸ್ ಹುಚ್ಚು ಇರುವವರು, ಅದೇ ಕಾರಿನಲ್ಲಿ ಮನೆಮಂದಿಯನ್ನೂ ಕರೆದುಕೊಂಡು ಊರೂರು ಸುತ್ತುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ತಿಂಗಳು ನಮ್ಮ ನಾಲ್ಕು ಜನರ ಜೀವ ಒಂದು ಹ್ಯಾಂಡ್ ಬ್ರೇಕ್ ಕೇಬಲ್ ಮೇಲೆ ನಿಂತಿತ್ತು.

ನನ್ನ ಕಾರು 1960ರ ದಶಕದ ಶುರುವಿನದು. ನಾಲ್ಕು ಬಾಗಿಲು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಅಂದರೆ ಚಕ್ರದ ಜೊತೆ ತಿರುಗುವ ಡಬ್ಬದಂಥ ಡ್ರಮ್‌ಗೆ ಒಳಗಿನಿಂದ ಶೂ ಅನ್ನುವ ತುಂಡುಗಳು ಒತ್ತಿ ನಿಲ್ಲಿಸುತ್ತವೆ. ಏಳು ವರ್ಷದಿಂದ ಹಳೇ ಕಾರುಗಳ ರೇಸ್‌ನಲ್ಲಿ ಅದನ್ನೇ ಓಡಿಸುತ್ತಿದ್ದೇನೆ. ಟ್ರೇಲರ್ ಇಲ್ಲ. ಟ್ರ್ಯಾಕ್‌ವರೆಗೂ ಓಡಿಸಿಕೊಂಡೇ ಹೋಗುವುದು, ರೇಸ್ ಮುಗಿದ ಮೇಲೆ ಎರಡು ಮೂರು ದಿನ ಎಲ್ಲರೂ ಸುತ್ತಾಡಿ ವಾಪಸ್ ಬರುವುದು. ನಮ್ಮ ಮಕ್ಕಳಿಗೆ ರಜೆ ಅಂದರೆ ಇದೇ. ಟೈರ್ ಗಾಳಿ ನೋಡುವುದು ಮಗಳ ಕೆಲಸ, ಲ್ಯಾಪ್ ಟೈಮ್ ಬರೆಯುವುದು ಮಗನ ಕೆಲಸ.

ಆ ಸಲ ರೇಸ್ ಚೆನ್ನಾಗಿಯೇ ಆಯಿತು. 20 ನಿಮಿಷದ ಓಟ. ಕೊನೆಯ ಎರಡು ಲ್ಯಾಪ್‌ನಲ್ಲಿ ಮಾತ್ರ ಪೆಡಲ್ ಸ್ವಲ್ಪ ಜಾಸ್ತಿ ಕೆಳಗೆ ಹೋಗುತ್ತಿದೆ ಅನ್ನಿಸಿತು. ಡ್ರಮ್ ಬಿಸಿಯಾದರೆ ಹಿಗ್ಗುತ್ತದೆ, ಶೂ ಅಷ್ಟು ದೂರ ಹೋಗಿ ತಾಗಬೇಕು, ಹಾಗಾಗಿ ಪೆಡಲ್ ಇಳಿಯುತ್ತದೆ. ಅದೇ ಇರಬೇಕು ಅಂದುಕೊಂಡೆ. ಸಂಜೆ ನೋಡಿದರೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಅಲ್ಲಿಗೇ ಬಿಟ್ಟುಬಿಟ್ಟೆ.

ಮಾರನೇ ದಿನ ಬೆಟ್ಟ ಇಳಿಯುತ್ತಿದ್ದೆವು. ಕಾರಿನಲ್ಲಿ ನಾಲ್ಕು ಜನ, ಹಿಂದೆ ಬ್ಯಾಗು, ಜ್ಯಾಕು, ಟೂಲ್ ಬಾಕ್ಸ್, ಎರಡು ಹೆಚ್ಚುವರಿ ಟೈರು. ನಾನು ಮೂರನೇ ಗೇರಿನಲ್ಲಿ ಇಳಿಸುತ್ತಿದ್ದೆ. ಎರಡನೇ ಗೇರಿನಲ್ಲಿ ಇಳಿಸಬೇಕಿತ್ತು. ಇಂಜಿನ್ ಸದ್ದಿಗೆ ಮಕ್ಕಳು ನಿದ್ದೆಯಿಂದ ಏಳುತ್ತಾರೆ ಅಂತ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಬಂದೆ. ಹತ್ತು ಕಿಲೋಮೀಟರ್ ಹಾಗೇ ಬಂದಿರಬಹುದು. ಸುಟ್ಟ ವಾಸನೆ ಬಂತು. ಮುಂದಿನ ಲಾರಿಯದ್ದು ಅಂದುಕೊಂಡೆ.

ಒಂದು ಎಡ ತಿರುವಿಗೆ ಬ್ರೇಕ್ ಒತ್ತಿದೆ. ಪೆಡಲ್ ನೇರ ತಳಕ್ಕೆ ಹೋಗಿ ಕೂತಿತು. ಒದ್ದೆ ಸ್ಪಂಜು ತುಳಿದ ಹಾಗೆ. ಎರಡು ಸಲ, ಮೂರು ಸಲ ಪಂಪ್ ಮಾಡಿದೆ. ಏನೂ ಇಲ್ಲ. ವೇಗ ಏರುತ್ತಲೇ ಇತ್ತು.

ಮುಂದೆ ಕೂತಿದ್ದ ನಮ್ಮ ಯಜಮಾನರಿಗೆ, "ರೀ, ಹ್ಯಾಂಡ್ ಬ್ರೇಕ್ ಎಳೀರಿ, ಒಂದೇ ಸಲಕ್ಕೆ ಬೇಡ, ಬಟನ್ ಒತ್ತಿಕೊಂಡೇ ನಿಧಾನಕ್ಕೆ" ಅಂದೆ. ಬಟನ್ ಬಿಟ್ಟು ಜಗ್ಗಿದರೆ ಹಿಂದಿನ ಚಕ್ರ ಲಾಕ್ ಆಗಿ ಕಾರು ತಿರುಗಿಬಿಡುತ್ತದೆ. ನಾನು ಡಬಲ್ ಕ್ಲಚ್ ಮಾಡಿ (ಎರಡು ಸಲ ಕ್ಲಚ್ ಒತ್ತಿ, ನಡುವೆ ಇಂಜಿನ್ ವೇಗ ಏರಿಸಿ) ಎರಡನೇ ಗೇರಿಗೆ ತಂದೆ. ಈ ಕಾರಿನಲ್ಲಿ ಮೊದಲನೇ ಗೇರಿಗೆ ಸಿಂಕ್ರೋಮೆಶ್ (ಗೇರು ಸಲೀಸಾಗಿ ಬೀಳುವಂತೆ ವೇಗ ಹೊಂದಿಸುವ ಭಾಗ) ಇಲ್ಲ, ಆ ವೇಗದಲ್ಲಿ ಅದು ಬೀಳುವ ಮಾತೇ ಇರಲಿಲ್ಲ. ಇಂಜಿನ್ ಕಿರುಚಿತು. ಮಗಳು ಎದ್ದು, "ಅಮ್ಮಾ, ಯಾಕೆ?" ಅಂದಳು. ಉತ್ತರ ಕೊಡಲು ಬಾಯಿ ಬರಲಿಲ್ಲ. ತಿರುವು ದಾಟಿದ ಮೇಲೆ ಬೆಟ್ಟದ ಕಡೆ ಜಲ್ಲಿ ಸುರಿದಿದ್ದ ಒಂದು ಏರು ಜಾಗ ಸಿಕ್ಕಿತು. ಅಲ್ಲಿಗೆ ನುಗ್ಗಿಸಿ ನಿಲ್ಲಿಸಿದೆ. ಯಾರಿಗೂ ಏನೂ ಆಗಲಿಲ್ಲ.

ನನಗೆ ಆರು ಪಟ್ಟಿಯ ರೇಸ್ ಬೆಲ್ಟ್ ಇತ್ತು. ಹಿಂದೆ ಮಕ್ಕಳಿಗೆ ಇದ್ದದ್ದು ಸೊಂಟಕ್ಕೆ ಕಟ್ಟುವ ಬರೀ ಒಂದು ಪಟ್ಟಿ. ಇಷ್ಟು ವರ್ಷ ಇದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಈಗಲೂ ನೆನೆದರೆ ಎದೆ ಹಿಂಡುತ್ತದೆ.

ಇನ್ನು ಬಹಳ ಜನ ಮೋಸ ಹೋಗುವ ಜಾಗ ಹೇಳುತ್ತೇನೆ. ಮುಕ್ಕಾಲು ಗಂಟೆ ಬಿಟ್ಟು ಪೆಡಲ್ ಒತ್ತಿದೆ. ಮತ್ತೆ ಗಟ್ಟಿ! "ಸರಿ ಹೋಯ್ತಲ್ಲ ಅಮ್ಮ, ಹೊರಡೋಣ" ಅಂದ ಮಗ. ಹೊರಡಲಿಲ್ಲ. ಟೋಯಿಂಗ್ ಗಾಡಿ ಕರೆಸಿದೆ. ಆಗಿದ್ದು ಇಷ್ಟು: ಡ್ರಮ್ ಬಿಸಿ ಶೂ ತಳ್ಳುವ ವೀಲ್ ಸಿಲಿಂಡರ್‌ಗೆ ಹತ್ತಿ ಒಳಗಿನ ಬ್ರೇಕ್ ಆಯಿಲ್ ಕುದಿದಿತ್ತು. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಅದಕ್ಕೇ ಬ್ರೇಕ್ ಹಿಡಿಯುತ್ತದೆ. ಆವಿ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಆ ಆವಿ ಗುಳ್ಳೆ ಕುಗ್ಗಿಸುವುದಕ್ಕೇ ಹೋಗುತ್ತದೆ. ತಣ್ಣಗಾದರೆ ಆವಿ ಮತ್ತೆ ಆಯಿಲ್ ಆಗುತ್ತದೆ, ಪೆಡಲ್ ಗಟ್ಟಿಯಾಗುತ್ತದೆ, ಏನೂ ಆಗೇ ಇಲ್ಲವೇನೋ ಅನ್ನಿಸುತ್ತದೆ. ಮುಂದಿನ ಇಳಿಜಾರಿನಲ್ಲಿ ಮತ್ತೆ ಅದೇ ಕಥೆ. ಪೆಡಲ್ ಗಟ್ಟಿಯಿದ್ದೂ ಕಾರು ನಿಲ್ಲದಿದ್ದರೆ ಅದು ಬೇರೆ. ಅಲ್ಲಿ ಕಾದು ಹಿಡಿತ ಬಿಟ್ಟಿರುವುದು ಶೂ ಲೈನಿಂಗ್, ಅಂದರೆ ಶೂ ಮೇಲೆ ಅಂಟಿಸಿರುವ, ಡ್ರಮ್‌ಗೆ ಉಜ್ಜುವ ಪದರ.

ರೇಸ್‌ನಲ್ಲಿ ಯಾಕೆ ತಡೆಯಿತು? ಅಲ್ಲಿ ನಾನೊಬ್ಬಳೇ, ಕಾರು ಖಾಲಿ, ಒಂದು ಬ್ರೇಕಿಗೂ ಇನ್ನೊಂದಕ್ಕೂ ನಡುವೆ ನೇರ ದಾರಿಯಲ್ಲಿ ಗಾಳಿ ಹೊಡೆದು ಡ್ರಮ್ ಆರುತ್ತದೆ. ಬೆಟ್ಟದಲ್ಲಿ ಆರಲು ಬಿಡುವೇ ಇಲ್ಲ.

ಮನೆಗೆ ತಂದು ಹಿಂದಿನ ಚಕ್ರದ ಬ್ಲೀಡ್ ನಿಪ್ಪಲ್ (ಹಳೇ ಆಯಿಲ್ ಹೊರಬಿಡುವ ತೂತಿನ ಸ್ಕ್ರೂ) ಬಿಚ್ಚಿದೆ. ಬಂದದ್ದು ಕಪ್ಪಗಿನ, ಕಸ ತುಂಬಿದ ಆಯಿಲ್. ಮೇಲೆ ಆಯಿಲ್ ತುಂಬುವ ಡಬ್ಬಿಯಲ್ಲಿ ಮಾತ್ರ ತಿಳಿ, ಹೊಸದು. ಸೀಸನ್ನಿನ ಶುರುವಿನಲ್ಲಿ ಗ್ಯಾರೇಜಿನವರು ಬಿಲ್‌ನಲ್ಲಿ "ಬ್ರೇಕ್ ಆಯಿಲ್ ಬದಲಿಸಿದೆ" ಅಂತ ಬರೆದಿದ್ದರು. ಮಾಡಿದ್ದು ಡಬ್ಬಿ ತುಂಬಿಸುವ ಕೆಲಸ ಅಷ್ಟೇ. ನಾನೂ ಮುಚ್ಚಳ ತೆಗೆದು ನೋಡಿ ಖುಷಿಪಟ್ಟಿದ್ದೆ. ನೀವು ಹಾಗೆ ಮಾಡಬೇಡಿ. ನಾಲ್ಕೂ ಚಕ್ರದಲ್ಲಿ ತಿಳಿ ಆಯಿಲ್ ಬರುವುದನ್ನು ನಿಂತು ಕಣ್ಣಾರೆ ನೋಡಿ.

ಡಾಟ್ 3, ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತಲೇ ಇರುತ್ತದೆ, ಕಾರು ಸುಮ್ನೆ ಶೆಡ್ಡಿನಲ್ಲಿ ನಿಂತಿದ್ದರೂ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಸುಮಾರು ನೂರಕ್ಕೆ 3.7ರಷ್ಟು ನೀರು ಸೇರಿದ ಮೇಲೆ ಆ ಕನಿಷ್ಠ ಮಟ್ಟ 155. ಡಾಟ್ 3ಕ್ಕೆ ಇದು 205 ಮತ್ತು 140. ಅರ್ಧ ಉಳಿದ ಹಳೇ ಬಾಟಲಿಯೂ ತೇವ ಹೀರಿರುತ್ತದೆ, ಅದನ್ನು ಸುರಿಯಬೇಡಿ. ಸಿಲಿಕೋನ್‌ನ ಡಾಟ್ 5 ಬೇರೆಯೇ ಜಾತಿ, ಇವುಗಳ ಜೊತೆ ಬೆರೆಸಲೇಬಾರದು.

ಇನ್ನೊಂದು ಮಾತು. ನನ್ನ ಕಾರಿನ ಕಾಲದ ಎಷ್ಟೋ ಕಾರುಗಳಲ್ಲಿ ಬ್ರೇಕಿಗೆ ಇರುವುದು ಒಂದೇ ಸರ್ಕ್ಯೂಟ್, ಅಂದರೆ ನಾಲ್ಕೂ ಚಕ್ರಕ್ಕೆ ಆಯಿಲ್ ಒಯ್ಯುವ ಒಂದೇ ಪೈಪಿನ ಜಾಲ. ಎಲ್ಲೋ ಒಂದು ಕಡೆ ಕೆಟ್ಟರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಅಮೆರಿಕದಲ್ಲಿ ಹೊಸ ಕಾರುಗಳಿಗೆ ಎರಡು ಸರ್ಕ್ಯೂಟ್ ಕಡ್ಡಾಯವಾದದ್ದೇ 1968ರಲ್ಲಿ. ನಿಮ್ಮದೂ ಒಂದೇ ಸರ್ಕ್ಯೂಟ್ ಆಗಿದ್ದರೆ ಉಳಿಯುವುದು ಹ್ಯಾಂಡ್ ಬ್ರೇಕ್ ಒಂದೇ. ಅದರ ಕೇಬಲ್ ಇವತ್ತೇ ಬಗ್ಗಿ ನೋಡಿ. ನಮ್ಮದನ್ನು ಎರಡು ತಿಂಗಳ ಹಿಂದೆ ಹೊಸದು ಹಾಕಿಸಿದ್ದೆ, ಅದೂ ತಪಾಸಣೆಯಲ್ಲಿ ಬೈದರು ಅಂತ.

ಈಗ ಪ್ರತಿ ರೇಸಿನ ಮುಂಚೆಯೂ ನಾವೇ ಮನೆಯಲ್ಲಿ ಬ್ಲೀಡ್ ಮಾಡುತ್ತೇವೆ. ಪೆಡಲ್ ಒತ್ತುವುದು ಮಗ. ಪೈಪಿನಲ್ಲಿ ಬಣ್ಣ ತಿಳಿಯಾಗುವ ತನಕ ಮಗಳು "ಇನ್ನೂ, ಇನ್ನೂ" ಅನ್ನುತ್ತಿರುತ್ತಾಳೆ. ಎರಡು ಸರ್ಕ್ಯೂಟಿನ, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ಗೆ ಹೇಳಿದ್ದೇನೆ, ಹಿಂದಿನ ಸೀಟಿಗೆ ಭುಜದ ಮೇಲೂ ಬರುವ ಬೆಲ್ಟ್ ಕೂರಿಸಲು ಗಟ್ಟಿ ಜಾಗ ಹುಡುಕುತ್ತಿದ್ದೇವೆ. ಅವೆರಡೂ ಆಗುವ ತನಕ ಮಕ್ಕಳು ಅವರಪ್ಪನ ಜೊತೆ ಬೇರೆ ಕಾರಿನಲ್ಲಿ ಬರುತ್ತಾರೆ.