ನೆಲಮಹಡಿ ಮನೆಗೆ ಅಗ್ಗದ ಅಲಾರಂ: ಯಾವುದು ನಿಂತಿತು, ಯಾವುದು ಸೋತಿತು

ಮುಂಬಯಿ ಬಳಿಯ ಡೊಂಬಿವಲಿ ಪೂರ್ವದಲ್ಲಿ ನಮ್ಮದು ಲಿಫ್ಟ್ ಇಲ್ಲದ ಹಳೆಯ ಕಟ್ಟಡ, ಮನೆ ನೆಲಮಹಡಿಯಲ್ಲಿ. ವಾಚ್‌ಮನ್ ಇದ್ದಾನೆ, ಆದರೆ ಅವನ ಕೆಲಸದ ಅರ್ಧ ಪಾಲು ನೀರಿನ ಪಂಪಿನದು. ಮೇ ತಿಂಗಳಲ್ಲಿ, ಮತ್ತೆ ಚೌತಿಯ ಹೊತ್ತಿಗೆ, ಕಟ್ಟಡದ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ನಾವು ಮತ್ಸ್ಯಗಂಧಾ ರೈಲು ಹಿಡಿದು ಉಡುಪಿಗೆ, ಎದುರು ಮನೆಯವರು ರತ್ನಾಗಿರಿಗೆ. ಹೀಗಾಗಿ ಬಾಗಿಲು ಕಿಟಕಿಗಳಿಗೆ ಹಾಕುವ ಸಣ್ಣ ಅಲಾರಂಗಳನ್ನು ಒಂದೊಂದಾಗಿ ತಂದು, ಬೇರೆ ಬೇರೆ ಕಡೆ ಅಂಟಿಸಿ, ಮಳೆಗಾಲ ಬೇಸಿಗೆ ಎರಡರಲ್ಲೂ ನೋಡಿದ್ದೇನೆ. ಸಾವಿರಗಟ್ಟಲೆ ಸುರಿಯುವ ಕ್ಯಾಮೆರಾ ವ್ಯವಸ್ಥೆಯ ಮಾತು ಇಲ್ಲಿಲ್ಲ. ಕಳ್ಳ ಬಂದು ಹೋದ ಮೇಲೆ ಅವನ ಟೋಪಿಯ ಬಣ್ಣ ತಿಳಿದು ನನಗೆ ಆಗಬೇಕಾದ್ದೇನೂ ಇಲ್ಲ.

ಇದಕ್ಕೂ ಮೊದಲಿನ ಮಾತೊಂದಿದೆ. ಬಾಗಿಲಿಗೆ ಒಳ್ಳೆಯ ಚಿಲಕ, ಗಟ್ಟಿ ಬೀಗ ಇಲ್ಲದಿದ್ದರೆ ಅಲಾರಂ ಕೊಳ್ಳುವ ಹಣವನ್ನು ಅದಕ್ಕೇ ಹಾಕಿ. ಗೋದ್ರೆಜ್‌ನವರು 1897ರಲ್ಲಿ ಬೀಗ ಮಾಡುತ್ತ ವ್ಯಾಪಾರ ಶುರುಮಾಡಿದ್ದು ಇದೇ ಮುಂಬಯಿಯಲ್ಲಿ. ಈ ಊರಿನಲ್ಲಿ ಬೀಗಕ್ಕೆ ಬರವಿಲ್ಲ. ಅಲಾರಂ ಯಾರನ್ನೂ ತಡೆಯುವುದಿಲ್ಲ, ಕೂಗುತ್ತದೆ ಅಷ್ಟೇ.

ಮುಂಬಯಿ ಕಡೆಯ ಫ್ಲಾಟುಗಳಿಗೆ ಸಾಮಾನ್ಯವಾಗಿ ಎರಡು ಬಾಗಿಲು. ಹೊರಗಿನದು ಕಬ್ಬಿಣದ ಸೇಫ್ಟಿ ಡೋರ್, ಅದು ಹೊರಕ್ಕೆ ತೆರೆಯುತ್ತದೆ. ಒಳಗಿನದು ಮರದ ಬಾಗಿಲು, ಒಳಕ್ಕೆ ತೆರೆಯುತ್ತದೆ. ಕಿಟಕಿಗಳು ಹಳಿಯ ಮೇಲೆ ಜಾರುವ ಅಲ್ಯೂಮಿನಿಯಂನವು, ಆಚೆ ಕಬ್ಬಿಣದ ಗ್ರಿಲ್. ಯಾವ ಅಲಾರಂ ಒಗ್ಗುತ್ತದೆ ಎನ್ನುವುದು ಇದರ ಮೇಲೆ ನಿಂತಿದೆ, ಡಬ್ಬಿಯ ಮೇಲೆ ಬರೆದ ಡೆಸಿಬಲ್ (ಶಬ್ದದ ಅಳತೆ) ಮೇಲೆ ಅಲ್ಲ.

ಮೊದಲು ತಂದದ್ದು ಆಯಸ್ಕಾಂತದ ಅಲಾರಂ. ಗ್ರಾಂಟ್ ರೋಡ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದ ಲ್ಯಾಮಿಂಗ್ಟನ್ ರೋಡಿನಲ್ಲಿ (ಫಲಕದಲ್ಲಿ ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ ಎಂದಿದೆ, ಬಾಯಲ್ಲಿ ಯಾರೂ ಹಾಗೆ ಅನ್ನುವುದಿಲ್ಲ) ಇನ್ನೂರು ರೂಪಾಯಿಯ ಆಸುಪಾಸಿಗೆ ಸಿಕ್ಕಿತು. ಎರಡು ತುಂಡು: ಒಂದರಲ್ಲಿ ಆಯಸ್ಕಾಂತ, ಇನ್ನೊಂದರಲ್ಲಿ ಬಜರ್, ಮೂರು ಬಟನ್ ಸೆಲ್, ಮತ್ತು ರೀಡ್ ಸ್ವಿಚ್. ಈ ಸ್ವಿಚ್ಚು ಒಂದು ಪುಟ್ಟ ಗಾಜಿನ ನಳಿಗೆ. ಒಳಗೆ ಎರಡು ತೆಳ್ಳನೆಯ ಲೋಹದ ಪಟ್ಟಿಗಳು. ಆಯಸ್ಕಾಂತ ಹತ್ತಿರವಿದ್ದಷ್ಟು ಹೊತ್ತು ಪಟ್ಟಿಗಳು ಕೂಡಿಕೊಂಡಿರುತ್ತವೆ, ದೂರವಾದೊಡನೆ ಬಿಡುತ್ತವೆ, ಬಜರ್ ಕಿರುಚುತ್ತದೆ. 1936ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಾಲ್ಟರ್ ಎಲ್‌ವುಡ್ ರೂಪಿಸಿದ ಸಂಗತಿ ಇದು. ಉಜ್ಜಿ ಸವೆಯುವ ಭಾಗವೇ ಇಲ್ಲದ್ದರಿಂದ ಇಷ್ಟು ಅಗ್ಗದ ವಸ್ತುವಿನಲ್ಲೂ ಅದು ಕೈಕೊಡುವುದು ಅಪರೂಪ.

ತೊಂದರೆಯೆಲ್ಲ ಅಂಟಿಸುವುದರಲ್ಲಿದೆ. ಎರಡು ತುಂಡುಗಳ ನಡುವಿನ ಅಂತರ ಒಂದು, ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರ್ ದಾಟಬಾರದು, ಎರಡೂ ಒಂದೇ ಮಟ್ಟದಲ್ಲಿರಬೇಕು. ನಮ್ಮ ಮರದ ಬಾಗಿಲು ಚೌಕಟ್ಟಿಗಿಂತ ಒಳಸರಿದಿದೆ. ಆಯಸ್ಕಾಂತದ ಕೆಳಗೆ ಒಂದು ಮರದ ಚೂರು ಕೊಟ್ಟು ಎತ್ತರ ಸರಿಮಾಡಬೇಕಾಯಿತು. ಸೇಫ್ಟಿ ಡೋರ್‌ನದು ಬೇರೆ ರಗಳೆ. ಆಯಸ್ಕಾಂತವನ್ನು ನೇರವಾಗಿ ಕಬ್ಬಿಣಕ್ಕೆ ಅಂಟಿಸಿದರೆ ಅದರ ಸೆಳೆತವನ್ನು ಕಬ್ಬಿಣವೇ ನುಂಗಿಬಿಡುತ್ತದೆ, ಬಾಗಿಲು ಮುಚ್ಚಿದ್ದರೂ ಅಲಾರಂ ಅರಚುತ್ತಲೇ ಇರುತ್ತದೆ. ಸವೆದ ಹವಾಯಿ ಚಪ್ಪಲಿಯ ಹಿಮ್ಮಡಿಯನ್ನು ಬೆಂಕಿಪೊಟ್ಟಣದ ಅಳತೆಗೆ ಕತ್ತರಿಸಿ ನಡುವೆ ಇಟ್ಟೆ. ನೀಲಿ ರಬ್ಬರಿನ ಅಂಚು ಇವತ್ತಿಗೂ ಕಾಣುತ್ತದೆ, ಬಂದವರೆಲ್ಲ ಏನದು ಎಂದು ಕೇಳುತ್ತಾರೆ, ಆದರೆ ಅಲಾರಂ ತೆಪ್ಪಗಿದೆ.

ಜಾರುವ ಕಿಟಕಿಯಲ್ಲಿ ಎರಡು ಗಾಜಿನ ಹಲಗೆಗಳು ಬೇರೆ ಬೇರೆ ಹಳಿಯಲ್ಲಿರುತ್ತವೆ. ನಡುವೆ, ಒಂದು ಹಲಗೆ ಇನ್ನೊಂದನ್ನು ದಾಟುವ ಕಡೆ ಹಾಕಿದರೆ ಮಟ್ಟ ಕೂಡುವುದಿಲ್ಲ. ಮೇಲಿನ ಚೌಕಟ್ಟಿಗೆ ಬಜರ್, ಹಲಗೆಯ ಮೇಲಂಚಿಗೆ ಆಯಸ್ಕಾಂತ ಹಾಕಿದರೆ ಸರಿ. ಆದರೆ ಮುಂಬಯಿಯ ಸೆಕೆಯಲ್ಲಿ ಕಿಟಕಿಯನ್ನು ಪೂರ್ತಿ ಮುಚ್ಚಿ ಮಲಗುವವರು ಯಾರು? ಇದಕ್ಕೆ ಒಂದು ಉಪಾಯವಿದೆ. ಅದೇ ಹಲಗೆಯ ಮೇಲೆ, ಮುಚ್ಚಿದಾಗ ಪಕ್ಕದ ಚೌಕಟ್ಟಿಗೆ ತಾಗುವ ಕಡೆಗೆ, ನಾಲ್ಕು ಬೆರಳು ಬಿಟ್ಟು ಇನ್ನೊಂದು ಆಯಸ್ಕಾಂತ ಅಂಟಿಸಿ. ಕಿಟಕಿ ಅಷ್ಟು ತೆರೆದಿದ್ದಾಗ ಎರಡನೆಯದು ಬಜರ್ ಎದುರು ಬಂದು ನಿಲ್ಲುತ್ತದೆ. ಗಾಳಿಯೂ ಬರುತ್ತದೆ, ಕಾವಲೂ ಇರುತ್ತದೆ. ಒಂದು ಜಾಗದಿಂದ ಇನ್ನೊಂದಕ್ಕೆ ಸರಿಸುವಾಗ ಮಾತ್ರ ಸ್ವಿಚ್ ಆರಿಸಬೇಕು, ಇಲ್ಲವಾದರೆ ಮಲಗಿದ್ದ ಮಗು ಎದ್ದು ಕೂರುತ್ತದೆ.

ಇನ್ನು ಶಬ್ದ. ಡಬ್ಬಿಯ ಮೇಲೆ 120 ಡೆಸಿಬಲ್ ಎಂದಿರುತ್ತದೆ, ಎಷ್ಟು ದೂರದಲ್ಲಿ ಅಳೆದದ್ದು ಎಂದಿರುವುದಿಲ್ಲ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಹತ್ತು ಸೆಂಟಿಮೀಟರಿನಲ್ಲಿ 120 ಇದ್ದದ್ದು ಒಂದು ಮೀಟರಿಗೆ 100 ಆಗುತ್ತದೆ, ನಡುವೆ ಗೋಡೆ ಬಂದರೆ ಇನ್ನೂ ಕಡಿಮೆ. ಹೆಂಡತಿ ಕಿಟಕಿ ಸರಿಸಿದಳು, ನಾನು ಮೊದಲ ಮಹಡಿಯ ಮೆಟ್ಟಿಲ ತಿರುವಿನಲ್ಲಿ ನಿಂತು ಕೇಳಿದೆ: ಸ್ಪಷ್ಟವಾಗಿತ್ತು. ಗೇಟಿನ ಪಕ್ಕದ ವಾಚ್‌ಮನ್ ಕೋಣೆಗೆ ಹೋಗಿ ನಿಂತರೆ, ಪಂಪು ಓಡುತ್ತಿದ್ದಾಗ ಏನೂ ಇಲ್ಲ. ಅದಕ್ಕಿಂತ ಪಾಠವಾದದ್ದು ಮೇಲಿನ ಮನೆಯ ಕಾಕುವಿನ (ಮರಾಠಿಯಲ್ಲಿ ಚಿಕ್ಕಮ್ಮ ಎಂದಂತೆ) ಮಾತು. "ಅಷ್ಟು ಹೊತ್ತು ಕೂಗಿತಲ್ಲ, ಕೇಳಲಿಲ್ಲವೇ?" ಎಂದರೆ, "ಕೇಳಿತು, ನಿಮ್ಮ ಮಿಕ್ಸರ್ ಕೆಟ್ಟಿದೆ ಅಂದುಕೊಂಡೆ" ಎಂದರು. ಕಾರುಗಳ ರಿವರ್ಸ್ ಹಾರ್ನಿಗೂ ಬೈಕುಗಳ ಸೈರನ್ನಿಗೂ ಒಗ್ಗಿಹೋದ ಊರಿದು. ಯಾವ ಶಬ್ದಕ್ಕೆ ಏಳಬೇಕೆಂದು ಮೊದಲೇ ಹೇಳಿರಬೇಕು. ಈಗ ಕಾಕುವಿಗೆ ಅಲಾರಂ ಕೇಳಿಸಿ ಗುರುತು ಮಾಡಿಸಿದ್ದೇನೆ, ತುರ್ತು ಸಂಖ್ಯೆ 112ಕ್ಕೆ ಕರೆಮಾಡಲೂ ಹೇಳಿದ್ದೇನೆ.

ಇದರಲ್ಲೇ ಅಂಕಿ ಒತ್ತಿ ಆರಿಸುವ ಬಗೆಯೊಂದಿದೆ, ಬೆಲೆ ಎರಡರಷ್ಟು. ನೀವು ಒಳಗೆ ಬಂದು ಗುಟ್ಟಿನ ಸಂಖ್ಯೆ ಒತ್ತಲು ಕೆಲವು ಸೆಕೆಂಡು ಕಾಲಾವಕಾಶ ಕೊಡುತ್ತದೆ. ಮುಖ್ಯ ಬಾಗಿಲಿಗೆ ಇದೇ ಇರಲಿ. ಸಾದಾ ಅಲಾರಂನ ಸ್ವಿಚ್ಚು ಪಕ್ಕದಲ್ಲೇ ಎದ್ದು ಕಾಣುತ್ತದೆ, ಒಳಬಂದವನು ಅದನ್ನು ಆರಿಸಲು ಜಾಣನಾಗಿರಬೇಕಿಲ್ಲ.

ಕಂಪನದ ಅಲಾರಂ ಬೇರೆ ಜಾತಿ. ಗಾಜಿಗೆ ಅಥವಾ ಗ್ರಿಲ್ಲಿಗೆ ಅಂಟಿಸಿದರೆ ಏಟು ಬಿದ್ದಾಗ ಕೂಗುತ್ತದೆ, ಅಂದರೆ ಕಿಟಕಿ ತೆರೆಯುವ ಮೊದಲೇ. ಕಾಗದದ ಮೇಲೆ ಇದೇ ಮೇಲು. ನಾನು ಗ್ರಿಲ್ಲಿಗೆ ಹಾಕಿದೆ. ಬೆಳಕು ಹರಿಯುವ ಮುನ್ನವೇ ಪಾರಿವಾಳಗಳು ಬಂದು ಕೂತವು, ಮನೆಮಂದಿಯೆಲ್ಲ ಎದ್ದರು. ಸೂಕ್ಷ್ಮತೆಯ ತಿರುಪನ್ನು ಇಳಿಸಿದೆ. ಪಾರಿವಾಳ ಸುಮ್ಮನಾಯಿತು, ಆದರೆ ಗಣಪತಿಯ ಮೆರವಣಿಗೆಯ ಢೋಲ್ ತಾಶಾ ರಸ್ತೆಗೆ ಬಂದಾಗ ಮತ್ತೆ ಶುರು. ಇನ್ನಷ್ಟು ಇಳಿಸಿದರೆ ಮುಷ್ಟಿಯಿಂದ ಗುದ್ದಿದರೂ ಮಾತಿಲ್ಲ. ಕೊನೆಗೆ ಅಡುಗೆಮನೆಯ ಅಲುಗಾಡದ ಗಾಜಿಗೆ ವರ್ಗ ಮಾಡಿದೆ. ಅಲ್ಲಿ ಮರ್ಯಾದೆಯಿಂದಿದೆ. ಗ್ರಿಲ್ಲಿಗೆ ಮಾತ್ರ ಬೇಡ; ಸುಳ್ಳು ಕೂಗನ್ನು ನಾಲ್ಕು ಸಲ ಕೇಳಿದ ನೆರೆಯವರು ಐದನೆಯ ಸಲ ಹೊರಳಿ ಮಲಗುತ್ತಾರೆ.

ಚಲನೆ ಗುರುತಿಸುವ ಸೆನ್ಸರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ನೋಡುವುದು ಮೈಯ ಶಾಖಕ್ಕೂ ಹಿನ್ನೆಲೆಗೂ ಇರುವ ವ್ಯತ್ಯಾಸವನ್ನು. ಮೇ ತಿಂಗಳ ಮಧ್ಯಾಹ್ನ ಗೋಡೆಯೇ ಮೈಯಷ್ಟು ಕಾದಿರುವಾಗ ಅದರ ಕಣ್ಣು ಮಂಜು. ಫ್ಯಾನಿಗೆ ಪರದೆ ಹಾರಿದರೂ, ಲೆನ್ಸಿನ ಮೇಲೆ ಹಲ್ಲಿ ಓಡಿದರೂ ಎಚ್ಚರ. ಗಾಜಿನಾಚೆಗೆ ಅದಕ್ಕೆ ಏನೂ ತಿಳಿಯದು. ಬಾಗಿಲ ಹಿಡಿಕೆಗೆ ನೇತುಹಾಕುವ, ಮುಟ್ಟಿದರೆ ಕೂಗುವ ಅಲಾರಂ ಲೋಹದ ಬಾಗಿಲಿಗೆ ಆಗದು, ಹಾಗಾಗಿ ಅಂಗಡಿಯಲ್ಲೇ ಬಿಟ್ಟುಬಂದೆ.

ಬೆಣೆಯ ಅಲಾರಂ ನನ್ನ ಮೆಚ್ಚಿನದು. ಬಾಗಿಲ ಕೆಳಗೆ ಸಿಕ್ಕಿಸುವ ರಬ್ಬರ್ ತಳದ ಬೆಣೆ, ಮೇಲೆ ಒತ್ತುವ ತಗಡು, ಒಳಗೆ 9 ವೋಲ್ಟಿನ ಬ್ಯಾಟರಿ. ಹೊರಗಿನಿಂದ ತಳ್ಳಿದರೆ ತಗಡು ಅದುಮಿ ಕೂಗುತ್ತದೆ. ಜೊತೆಗೆ ಬಾಗಿಲನ್ನೂ ತಡೆದು ಹಿಡಿಯುತ್ತದೆ. ಇಷ್ಟರಲ್ಲಿ ತಡೆಯುವ ಕೆಲಸವನ್ನೂ ಮಾಡುವುದು ಇದೊಂದೇ. ಅಂಟು ಬೇಡ, ತಿರುಪು ಬೇಡ, ಬಾಡಿಗೆ ಮನೆಯ ಗೋಡೆಗೆ ಗಾಯವಿಲ್ಲ. ಒಳಕ್ಕೆ ತೆರೆಯುವ ಬಾಗಿಲಿಗಷ್ಟೇ ಸಲ್ಲುತ್ತದೆ, ಆದ್ದರಿಂದ ಸೇಫ್ಟಿ ಡೋರ್‌ಗೆ ನಿಷ್ಪ್ರಯೋಜಕ, ಮರದ ಬಾಗಿಲಿಗೆ ಹೇಳಿ ಮಾಡಿಸಿದಂತಿದೆ. ನುಣುಪಾದ ಟೈಲ್ಸ್ ಮೇಲೆ ಧೂಳಿದ್ದರೆ ಜಾರುತ್ತದೆ. ಒದ್ದೆ ಬಟ್ಟೆಯಿಂದ ನೆಲವನ್ನೂ ಬೆಣೆಯ ತಳವನ್ನೂ ಒರೆಸಿ, ಒಣಗಿದ ಮೇಲೆ ಸಿಕ್ಕಿಸಿ. ನನಗೆ ರಾತ್ರಿ ಪಾಳಿಯಿದ್ದಾಗ ಅತ್ತೆಯವರು ಇದನ್ನಿಟ್ಟುಕೊಂಡೇ ಮಲಗುತ್ತಾರೆ. ಪಿ.ಜಿ.ಗಳಲ್ಲಿ ಇರುವ ಹುಡುಗಿಯರಿಗೂ ಇದನ್ನೇ ಹೇಳುತ್ತೇನೆ. ಬೆಂಕಿ ಬಿದ್ದರೆ ಓಡುವ ಮೊದಲು ಅದನ್ನು ಕಾಲಿನಿಂದ ಸರಿಸಬೇಕು ಎನ್ನುವುದು ಮನೆಯವರಿಗೆಲ್ಲ ಗೊತ್ತಿರಲಿ. ಮನೆ ಖಾಲಿ ಇದ್ದಾಗ ಇದರಿಂದ ಏನೂ ಆಗದು, ಒಳಗಿನಿಂದ ಇಡುವವರು ಬೇಕಲ್ಲ.

ಖಾಲಿ ಮನೆಗೆ ವೈ-ಫೈ ಸೆನ್ಸರ್. ಇದೂ ಆಯಸ್ಕಾಂತದ್ದೇ, ಆದರೆ ಕೂಗುವ ಬದಲು ಮೊಬೈಲಿಗೆ ಸುದ್ದಿ ಕಳಿಸುತ್ತದೆ. ಬೆಲೆ ಸಾದಾ ಅಲಾರಂನ ನಾಲ್ಕೈದು ಪಟ್ಟು. ಇಂಥವು ಹೆಚ್ಚಾಗಿ 2.4 ಗಿಗಾಹರ್ಟ್ಸ್ ವೈ-ಫೈಯನ್ನಷ್ಟೇ ಹಿಡಿಯುತ್ತವೆ. ರೂಟರಿನಲ್ಲಿ ಅದು ಚಾಲೂ ಇದೆಯೇ ನೋಡಿಕೊಳ್ಳಿ. ಕಬ್ಬಿಣದ ಬಾಗಿಲಿಗೆ ಹಾಕಿದರೆ ಸಂಕೇತ ಕುಗ್ಗುತ್ತದೆ, ಮರದ ಬಾಗಿಲಿನ ಒಳಮೈಗೆ ಹಾಕಿ. ಕರೆಂಟು ಹೋದರೆ ರೂಟರೂ ಹೋಯಿತು, ಸುದ್ದಿಯೂ ಹೋಯಿತು. ಆದ್ದರಿಂದ ರೂಟರಿಗೆ ಪುಟ್ಟ ಯುಪಿಎಸ್ ಸೇರಿಸಿದ ಬೆಲೆಯನ್ನೇ ಇದರ ನಿಜವಾದ ಬೆಲೆ ಎಂದು ಲೆಕ್ಕ ಹಾಕಬೇಕು. ಕೊಂಕಣ ರೈಲಿನಲ್ಲಂತೂ ಸುರಂಗ ಮುಗಿದರೆ ಸೇತುವೆ, ಸೇತುವೆ ಮುಗಿದರೆ ಸುರಂಗ. ರತ್ನಾಗಿರಿ ಬಳಿಯ ಕರ್ಬುಡೆ ಸುರಂಗವೊಂದೇ 6.5 ಕಿಲೋಮೀಟರ್. ಆ ಹೊತ್ತಿನಲ್ಲಿ ಬಂದ ಸುದ್ದಿ ಆಮೇಲೆ ತಲುಪುತ್ತದೆ. ತಲುಪಿದರೂ ಉಡುಪಿಯಲ್ಲಿ ಕೂತು ಮಾಡುವುದೇನು? ಮತ್ತೆ ಕಾಕುವಿಗೇ ಫೋನು. ಹಾಗಾಗಿ ಊರಿಗೆ ಹೋಗುವಾಗ ವೈ-ಫೈ ಸೆನ್ಸರಿನ ಪಕ್ಕದಲ್ಲೇ ಸಾದಾ ಕೂಗುಮಾರಿಯನ್ನೂ ಚಾಲೂ ಮಾಡಿಟ್ಟು ಹೋಗುತ್ತೇನೆ. ಎರಡರಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಕೂಗುವುದನ್ನೇ ಉಳಿಸಿಕೊಳ್ಳುತ್ತೇನೆ.

ಮಳೆಗಾಲದಲ್ಲಿ ಇವಕ್ಕೆಲ್ಲ ಒಂದೇ ಶತ್ರು, ಜೊತೆಗೆ ಬರುವ ಅಂಟುಪಟ್ಟಿ. ಸುಣ್ಣದ ಗೋಡೆಗೆ ಅಂಟಿಸಿದ್ದು ಸುಣ್ಣದ ಸಮೇತ ಕಳಚಿ, ಆಯಸ್ಕಾಂತದಿಂದ ದೂರವಾಗಿ, ನಡುರಾತ್ರಿ ನೆಲದ ಮೇಲೆ ಬಿದ್ದು ಕಿರುಚುತ್ತದೆ. ಅಲ್ಯೂಮಿನಿಯಂ ಮೇಲಾದರೆ ಸ್ಪಿರಿಟ್ ಹಾಕಿ ಒರೆಸಿ ಅಂಟಿಸಿ. ಗೋಡೆಗೆ, ಮರಕ್ಕೆ ತಿರುಪೇ ಸರಿ. ಸೆಲ್ ಇಳಿಯುತ್ತ ಬಂದರೆ ಅಗ್ಗದವು ಮುನ್ಸೂಚನೆ ಕೊಡುವುದಿಲ್ಲ, ದನಿ ಸೊರಗುತ್ತದೆ ಅಷ್ಟೇ. ನಾನು ವಿದ್ಯುತ್ ಬಿಲ್ಲು ಕಟ್ಟುವ ದಿನ ಎಲ್ಲವನ್ನೂ ಒಂದೊಂದು ಸಲ ಕೂಗಿಸುತ್ತೇನೆ. ಬಟನ್ ಸೆಲ್ ಮಕ್ಕಳ ಕೈಗೆ ಸಿಗದಿರಲಿ. ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಟ್ಟುಹೋಗಬಹುದು. ಅಂಥ ಅನುಮಾನ ಬಂದರೆ ಕಾಯದೆ ಆಸ್ಪತ್ರೆಗೆ ಓಡಬೇಕು.

ಕೊಳ್ಳುವಾಗ ಅಂಗಡಿಯ ಕಟ್ಟೆಯ ಮೇಲೇ ಸೆಲ್ ಹಾಕಿಸಿ ಕೂಗಿಸಿ ನೋಡಿ. ಸೆಲ್ ಮುಚ್ಚಳಕ್ಕೆ ತಿರುಪು ಇರುವುದನ್ನೇ ಆರಿಸಿ, ಉಗುರಿನಿಂದ ತೆರೆಯುವಂಥದ್ದು ಬೇಡ. ಕಿಟಕಿಗೆಂದು ಕೊಳ್ಳುವವರು ಒಂದು ಹೆಚ್ಚಿನ ಆಯಸ್ಕಾಂತ ಕೇಳಿ. ಬಜರ್ ಕೆಟ್ಟು ಮರಳಿದ ಅಲಾರಂಗಳ ಆಯಸ್ಕಾಂತ ಅಂಗಡಿಯವರ ಡ್ರಾಯರಿನಲ್ಲಿ ಬಿದ್ದಿರುತ್ತದೆ. ಚೌಕಾಸಿ ಮಾಡಿದರೆ ಹತ್ತಿಪ್ಪತ್ತು ರೂಪಾಯಿಗೆ ಕೊಟ್ಟುಬಿಡುತ್ತಾರೆ.